ಹೆಂಡತಿಯ ಬೆನ್ನಿಗೆ ನಿಂತು ದಣಿದಿದ್ದೇನೆ, ಹೇಗೆ ಹೇಳಲಿ?

ಪ್ರಶ್ನೆ: ನಾನು ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತೇನೆ. ನನ್ನ ಹೆಂಡತಿ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದವಳು. ಸರ್ಕಾರಿ ಶಾಲೆ, ಹಾಸ್ಟೆಲ್‌ಗಳ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುತ್ತಾಳೆ. ಮದುವೆಯಾದ ಮೇಲೆ ಅವಳು ಕರಾಟೆ ಬಿಡಬಾರದೆಂದು ಹಟ ಹಿಡಿದವನೇ ನಾನು. ಮಾಳಿಗೆಯ ಮೇಲೆ ಪ್ಯಾಡ್ ಹಿಡಿದು ನಿಂತು ಅವಳಿಗೆ ಅಭ್ಯಾಸ ಮಾಡಿಸಿದ್ದೇನೆ. ಈಗ ಅವಳು ಬೆಳಿಗ್ಗೆ ಬಸ್ ಹತ್ತಿದರೆ ಸವದತ್ತಿ, ರಾಮದುರ್ಗ, ಖಾನಾಪುರ ಎಂದು ತಿರುಗಿ ಮನೆ ಸೇರುವುದು ರಾತ್ರಿಯೇ. ಭಾನುವಾರ ಬೆಳಗಾವಿಯಲ್ಲಿ ಗ್ರೇಡಿಂಗ್ (ಬೆಲ್ಟ್ ಪರೀಕ್ಷೆ), ಇಲ್ಲವೇ ಶಿಬಿರ. ಅವ್ವನಿಗೆ ಸಕ್ಕರೆ ಕಾಯಿಲೆ, ಮಂಡಿನೋವು. ಮಗ ಒಂಬತ್ತನೇ ತರಗತಿ, ಮಗಳು ಆರನೇ ತರಗತಿ. ಮಕ್ಕಳ ಡಬ್ಬಿ, ಅವ್ವನ ಔಷಧ, ಸಂಜೆಯ ಅಡುಗೆ ಎಲ್ಲ ನನ್ನದೇ. ಅವಳ ಶಾಲಾ ತರಬೇತಿಗಳು ಬಹುಪಾಲು ದಸರಾ ರಜೆಯ ನಂತರ ಬರುತ್ತವೆ. ಹಿಂಗಾರಿ ಬಿತ್ತನೆಗೆ ರೈತರು ಕಡಲೆ, ಜೋಳದ ಬೀಜ ಕೇಳಿಕೊಂಡು ನನ್ನ ಅಂಗಡಿಗೆ ಬರುವುದೂ ಆಗಲೇ.

ಓಣಿಯಲ್ಲಿ ‘ಹೇಣ್ತಿ ಊರ ಹುಡುಗ್ಯಾರನ್ನ ಗಟ್ಟಿ ಮಾಡಾಕ ಹೊಂಟಾಳ, ಗಂಡ ಮನ್ಯಾಗ ರೊಟ್ಟಿ ಬಡಿಯಾಕತ್ಯಾನ’ ಎಂದು ಆಡಿಕೊಳ್ಳುತ್ತಾರೆ. ಅದಕ್ಕೆ ನಾನು ಕಿವಿಗೊಟ್ಟವನಲ್ಲ. ಆದರೆ ಹೋದ ವರ್ಷ ಒಂದು ಶಾಲೆಯ ಹುಡುಗಿ, ಸಂಬಂಧಿಕನೊಬ್ಬ ತನಗೆ ಕೊಡುತ್ತಿದ್ದ ಲೈಂಗಿಕ ಕಿರುಕುಳವನ್ನು ಇವಳ ಬಳಿ ಹೇಳಿಕೊಂಡಳು. ಇವಳು ಮುಖ್ಯೋಪಾಧ್ಯಾಯಿನಿಯ ಜೊತೆ ಪೊಲೀಸ್ ಠಾಣೆಗೆ ಹೋದಳು. ಮರುವಾರ ಒಬ್ಬ ನನ್ನ ಅಂಗಡಿಗೆ ಬಂದು ‘ಮನ್ಯಾಗಿನವ್ರಿಗೆ ಸ್ವಲ್ಪ ಬುದ್ಧಿ ಹೇಳ್ರಿ ಸಾವುಕಾರ್ರ’ ಎಂದು ಹೇಳಿ ಹೋದ. ಅದನ್ನು ನಾನು ಅವಳಿಗೆ ತಿಳಿಸಲಿಲ್ಲ. ಆ ರಾತ್ರಿ ‘ಊರ ಉಸಾಬರಿ ನಮಗ್ಯಾಕ, ಕಲಿಸಿ ಬಾ, ಅಷ್ಟ ಸಾಕು’ ಎಂದಷ್ಟೇ ಅಂದೆ. ಅಂದಿನಿಂದ ಅವಳಿಗೆ ಮನೆಯಲ್ಲಿ ಮಾತೇ ಇಲ್ಲ; ಊಟ ಮಾಡಿ ಮಲಗುತ್ತಾಳೆ. ನಾನು ದಣಿದಿದ್ದೇನೆ. ಕೆಲಸ ಕಡಿಮೆ ಮಾಡಿಕೋ ಎಂದು ಕೇಳಿದರೆ, ಇಷ್ಟು ವರ್ಷ ಕೊಟ್ಟ ಬೆಂಬಲವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುವುದೇ? ನಾನು ಸಣ್ಣ ಮನಸ್ಸಿನವನೇ?

ಹೆಸರು ಬೇಡ, ಬೈಲಹೊಂಗಲ

ಉತ್ತರ: ನೀವು ಸಣ್ಣ ಮನಸ್ಸಿನವರಲ್ಲ. ಸಣ್ಣ ಮನಸ್ಸಿನವರು ಹೆಂಡತಿಯ ಅಭ್ಯಾಸಕ್ಕೆಂದು ಪ್ಯಾಡ್ ಹಿಡಿದು ಒದೆ ತಾಳಿಕೊಳ್ಳುವುದಿಲ್ಲ, ವರ್ಷಗಟ್ಟಲೆ ಮಕ್ಕಳ ಡಬ್ಬಿ ಕಟ್ಟುವುದಿಲ್ಲ. ಅಂಗಡಿ, ಅಡುಗೆಮನೆ, ತಾಯಿಯ ಆರೈಕೆ ಮೂರನ್ನೂ ಹೊತ್ತವರಿಗೆ ದಣಿವಾಗುವುದು ಸಹಜ. ಅದನ್ನು ಬಾಯಿಬಿಟ್ಟು ಹೇಳಿಕೊಂಡ ಮಾತ್ರಕ್ಕೆ ಹಿಂದೆ ಮಾಡಿದ್ದು ಸುಳ್ಳಾಗುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಕಟಗಳು ಒಂದರೊಳಗೊಂದು ಬೆರೆತುಹೋಗಿವೆ. ಒಂದು, ಮೈ ಬಗ್ಗಿಸಿ ದುಡಿದ ದಣಿವು. ಇನ್ನೊಂದು, ನಿಮ್ಮಿಬ್ಬರ ನಡುವೆ ಹೋದ ವರ್ಷದಿಂದ ನಿಂತುಹೋಗಿರುವ ಮಾತು. ಪತ್ನಿ ಕೆಲಸ ಕಡಿಮೆ ಮಾಡಿಕೊಂಡರೆ ಎರಡೂ ಸರಿಹೋಗುತ್ತವೆ ಎಂದು ನೀವು ಭಾವಿಸಿದ್ದೀರಿ. ಮೊದಲನೆಯದು ಸರಿಹೋಗಬಹುದು. ಎರಡನೆಯದು ಹೋಗುವುದಿಲ್ಲ, ಏಕೆಂದರೆ ಅವರು ವಾರಪೂರ್ತಿ ಮನೆಯಲ್ಲಿಯೇ ಇದ್ದರೂ ಆ ರಾತ್ರಿ ನೀವು ಆಡಿದ ಮಾತು ಅಲ್ಲಿಯೇ ಇರುತ್ತದೆ. ಆದ್ದರಿಂದ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ಆತ್ಮರಕ್ಷಣೆಯ ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಆದರೂ ಇಲ್ಲಿ ನೆನಪಿಸುವುದು ಅಗತ್ಯ. ಒದೆತ, ಗುದ್ದುಗಳಿಗಿಂತ ಮೊದಲು ಅಲ್ಲಿ ಹುಡುಗಿಯರಿಗೆ ಕಲಿಸಬೇಕಾದದ್ದು ದನಿ. ‘ಬಿಡು’ ಎಂದು ಜೋರಾಗಿ ಕೂಗುವುದಕ್ಕೇ ಎಷ್ಟೋ ಮಕ್ಕಳು ನಾಚುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಆಮೇಲೆ ಮಣಿಕಟ್ಟು ಬಿಡಿಸಿಕೊಳ್ಳುವ ಪಟ್ಟು ಬರುತ್ತದೆ: ಹಿಡಿದವನ ಹೆಬ್ಬೆರಳೂ ಉಳಿದ ಬೆರಳುಗಳೂ ಕೂಡುವ ಜಾಗವೇ ಆ ಹಿಡಿತದಲ್ಲಿ ಎಲ್ಲಕ್ಕಿಂತ ಸಡಿಲವಾದದ್ದು, ಬಲವಾಗಿ ಹಿಂದಕ್ಕೆ ಎಳೆಯದೆ, ಕೈಯನ್ನು ಆ ಕಡೆಗೆ ತಿರುಗಿಸಿ ಒಮ್ಮೆಲೇ ಜಗ್ಗಿದರೆ ಆರನೇ ತರಗತಿಯ ಮಗುವೂ ಬಿಡಿಸಿಕೊಳ್ಳಬಲ್ಲದು. ಇದನ್ನು ಕಲಿಸುವಾಗ ಶಿಕ್ಷಕಿ ಇನ್ನೊಂದು ಮಾತನ್ನೂ ಹೇಳಲೇಬೇಕಾಗುತ್ತದೆ: ಕೈ ಹಿಡಿಯುವವನು ಯಾವಾಗಲೂ ದಾರಿಹೋಕನೇ ಆಗಿರುವುದಿಲ್ಲ, ಮನೆಗೆ ಬಂದುಹೋಗುವವನೂ ಆಗಿರಬಹುದು, ಹಾಗಾದಾಗ ನೀವು ನಂಬುವ ಯಾರಾದರೊಬ್ಬರಿಗೆ ಹೇಳಿ. ಈ ಮಾತು ಮುಗಿದ ಮೇಲೆ ಉಳಿದವರೆಲ್ಲ ಚೀಲ ಏರಿಸಿಕೊಂಡು ಹೊರಟರೂ ಒಂದು ಮಗು ಮ್ಯಾಟ್ ಮಡಚುವ ನೆಪ ಮಾಡಿಕೊಂಡು ಹಿಂದೆ ಉಳಿಯುತ್ತದೆ. ನಿಮ್ಮ ಪತ್ನಿಯ ಬಳಿ ಉಳಿದದ್ದು ಅಂಥದೊಂದು ಮಗು. ಅಂದರೆ, ಅವರು ಕಲಿಸಿದ್ದು ಆ ಮಗುವಿಗೆ ತಾಗಿದೆ. ನೀವು ಉಸಾಬರಿ ಎಂದು ಕರೆದದ್ದು ಅವರ ಕೆಲಸದ ಹೊರಗಿನದಲ್ಲ, ಆ ಕೆಲಸದ ಒಡಲೇ ಅದು.

ಕಾನೂನೂ ಹಾಗೆಯೇ ಹೇಳುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದುಬಂದ ಯಾವ ವ್ಯಕ್ತಿಯೇ ಆಗಲಿ ಅದನ್ನು ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದೆ ಸುಮ್ಮನಿರುವುದು 21ನೇ ಕಲಮಿನ ಅಡಿಯಲ್ಲಿ ಶಿಕ್ಷಾರ್ಹ. ಪ್ರಾಮಾಣಿಕವಾಗಿ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬೀಳುವುದಿಲ್ಲವೆಂದೂ 19ನೇ ಕಲಂ ಭರವಸೆ ಕೊಡುತ್ತದೆ. ಹೀಗಾಗಿ ಅಂದು ಠಾಣೆಗೆ ಹೋಗದೆ ಇರುವ ಆಯ್ಕೆ ನಿಮ್ಮ ಪತ್ನಿಗೆ ಇರಲೇ ಇಲ್ಲ. ಇದ್ದಿದ್ದರೂ ಅವರು ಹೋಗುತ್ತಿದ್ದರು ಎಂದು ನನಗೆ ಅನಿಸುತ್ತದೆ, ನಿಮಗೂ ಅನಿಸುತ್ತದೆ.

ಇಷ್ಟು ಹೇಳಿದ ಮೇಲೆ, ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಗುರುತಿಲ್ಲದವನೊಬ್ಬ ಅಂಗಡಿಯ ಕಟ್ಟೆಗೆ ಬಂದು ಮನೆಯವರ ಮಾತೆತ್ತಿದರೆ ಎಂಥವರ ಎದೆಯೂ ಝಲ್ಲೆನ್ನುತ್ತದೆ. ಆದರೆ ನೀವು ಆ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅದರಿಂದ ಹುಟ್ಟಿದ ಬುದ್ಧಿಮಾತನ್ನು ಮಾತ್ರ ಪತ್ನಿಗೆ ಕೊಟ್ಟಿರಿ. ಅವರು ಕೇಳಿಸಿಕೊಂಡದ್ದು ಏನನ್ನು? ಮಾಳಿಗೆಯ ಮೇಲೆ ಎದುರಿಗೆ ನಿಂತು ಗಟ್ಟಿಯಾಗು ಎಂದ ಅದೇ ಗಂಡ, ಅವರು ಜೀವನದಲ್ಲೇ ಅತ್ಯಂತ ಭಾರವಾದ ಕೆಲಸವೊಂದನ್ನು ಮಾಡಿ ಬಂದ ಹೊತ್ತಿನಲ್ಲಿ, ಇಷ್ಟರವರೆಗೆ ಮಾತ್ರ ನಾನು ನಿನ್ನ ಜೊತೆ ಎಂದು ಗೆರೆ ಎಳೆದಂತೆ. ಅಂಗಡಿಗೆ ಬಂದವನ ಸುದ್ದಿ ಅವರಿಗೆ ತಿಳಿಯದ ಕಾರಣ, ನೀವು ಹೆದರಿ ಹಾಗೆ ಅಂದಿರೆಂದು ಊಹಿಸಲೂ ಅವರಿಗೆ ದಾರಿಯಿರಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಹಳ್ಳಿ ಹಳ್ಳಿಗೆ ಒಬ್ಬರೇ ಬಸ್ಸಿನಲ್ಲಿ ಓಡಾಡುವ ಹೆಂಗಸಿಗೆ ತನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆಂಬ ಸಂಗತಿ ಗೊತ್ತಿರಲೇಬೇಕು. ಎಚ್ಚರವನ್ನೇ ಮೊದಲ ಪಾಠವಾಗಿ ಕಲಿಸುವವರಿಂದ ಆ ಎಚ್ಚರವನ್ನು ನೀವು ಒಂದು ವರ್ಷ ಮುಚ್ಚಿಟ್ಟಿದ್ದೀರಿ. ದಯವಿಟ್ಟು ಈ ವಾರವೇ ಹೇಳಿಬಿಡಿ.

ಹೇಗೆ ಹೇಳುವುದೆಂದು ಕೇಳಿದ್ದೀರಿ. ರಾತ್ರಿ ಅವರು ಬಸ್ಸಿನ ಧೂಳಿನಲ್ಲಿ ಬಂದು ತಾಟಿನ ಮುಂದೆ ಕೂತಾಗ ಬೇಡ. ಬೆಳಗಿನ ಹೊತ್ತು, ಸಾಧ್ಯವಾದರೆ ಮಾಳಿಗೆಯ ಮೇಲೆ, ಬಹಳ ದಿನದಿಂದ ಮೂಲೆ ಸೇರಿರುವ ಪ್ಯಾಡನ್ನು ಮತ್ತೆ ಕೈಗೆ ತೆಗೆದುಕೊಂಡು, ಹತ್ತಿಪ್ಪತ್ತು ಹೊಡೆತ ಆದ ಮೇಲೆ ಹೇಳಿ: ‘ಅವತ್ತು ಒಬ್ಬ ಅಂಗಡಿಗೆ ಬಂದು ಹೀಗೆ ಅಂದ. ನಾನು ಹೆದರಿದೆ. ಹೆದರಿಕೆಯಲ್ಲಿ ನಿನಗೆ ಹಾಗೆ ಅಂದೆ. ನೀನು ಮಾಡಿದ್ದು ಸರಿ ಇತ್ತು.’ ಇದಕ್ಕಿಂತ ಉದ್ದ ಬೇಡ. ಮುಖ್ಯವಾಗಿ, ಇದರ ಬಾಲಕ್ಕೆ ‘ಆದರೆ ನೀನೂ ಸ್ವಲ್ಪ ಕೆಲಸ ಕಡಿಮೆ ಮಾಡು’ ಎಂಬುದನ್ನು ಕಟ್ಟಬೇಡಿ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಅವರು ಆಮೇಲೂ ಎಲ್ಲವನ್ನೂ ಬಿಚ್ಚಿ ಹೇಳಲಿಕ್ಕಿಲ್ಲ. ಮಕ್ಕಳು ಹೇಳಿಕೊಂಡದ್ದನ್ನು, ಅವರ ಹೆಸರು, ಊರು, ಶಾಲೆಯನ್ನು ಮನೆಯವರ ಮುಂದೂ ಆಡದಿರುವುದು ಅವರ ಕರ್ತವ್ಯ, ನೀವು ಕೆದಕಬಾರದು. ‘ಇವತ್ತು ಭಾರ ಆತೇನು?’ ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕೂತರೆ ಅವರಿಗೆ ಅರ್ಥವಾಗುತ್ತದೆ. ಇಂಥ ಸಂಗತಿಗಳನ್ನು ಮೇಲಿಂದ ಮೇಲೆ ಕೇಳುವವರಿಗೆ ನಿದ್ದೆ ಕೆಡುವುದು, ಸಿಡಿಮಿಡಿ, ತನ್ನ ಮಗಳ ಬಗ್ಗೆ ವಿಪರೀತ ಆತಂಕ ಬರುವುದುಂಟು. ಅಂಥದ್ದೇನಾದರೂ ಕಂಡರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ.

ಇನ್ನು ದಣಿವಿನ ವಿಚಾರ. ಪತ್ನಿ ಹೀಗೆ ಊರೂರು ಯಾಕೆ ಓಡುತ್ತಾರೆ ಎಂಬುದನ್ನು ಇಬ್ಬರೂ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ನೋಡಿದ್ದೀರೋ ಇಲ್ಲವೋ ಪತ್ರದಿಂದ ತಿಳಿಯುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯಲ್ಲಿ ಒಂದು ಶಾಲೆಗೆ ಇರುವ ಅವಕಾಶ ತಿಂಗಳಿಗೆ 5,000 ರೂಪಾಯಿಯಂತೆ ಮೂರು ತಿಂಗಳು. ಒಂದು ಶಾಲೆಯಿಂದ ವರ್ಷಕ್ಕೆ 15,000ಕ್ಕಿಂತ ಹೆಚ್ಚು ಸಿಗದು. ಒಂದೇ ಋತುವಿನಲ್ಲಿ ನಾಲ್ಕಾರು ಶಾಲೆ ಹಿಡಿದರೆ ಮಾತ್ರ ಕೈಗೆ ಏನಾದರೂ ಉಳಿಯುತ್ತದೆ. ಈ ವರ್ಷ ಒಲ್ಲೆ ಎಂದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಅಳುಕು ಇಂಥ ತಾತ್ಕಾಲಿಕ ಕೆಲಸದ ಬೆನ್ನಿಗೇ ಇರುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಹೆಸರಿನ ಆಸೆಯಂತೆ ಕಾಣಬಹುದು. ಒಳಗೆ ಇರುವುದು ಬಹುಮಟ್ಟಿಗೆ ಹೊಟ್ಟೆಪಾಡಿನ ಲೆಕ್ಕ. ನೀವು ಹಂಗಾಮಿನ ವ್ಯಾಪಾರ ಮಾಡುವವರು; ಮೂರು ತಿಂಗಳಲ್ಲಿ ವರ್ಷದ ದುಡಿಮೆ ಮಾಡಿಕೊಳ್ಳುವ ಒತ್ತಡ ನಿಮಗಿಂತ ಚೆನ್ನಾಗಿ ಬೇರೆ ಯಾರಿಗೆ ತಿಳಿದೀತು?

ಹಾಗಾದರೆ ಕೇಳಬಹುದೇ? ಖಂಡಿತ ಕೇಳಬಹುದು, ಕೇಳಬೇಕು. ಆದರೆ ‘ಕೆಲಸ ಕಡಿಮೆ ಮಾಡು’ ಎಂದು ಒಟ್ಟಾರೆಯಾಗಿ ಹೇಳಬೇಡಿ. ಅದು ಕೇಳುವವರ ಕಿವಿಯಲ್ಲಿ ‘ಕೆಲಸ ಬಿಡು’ ಎಂದೇ ಬೀಳುತ್ತದೆ. ಗುರುತು ಮಾಡಿ ಕೇಳಿ. ಸವದತ್ತಿ, ರಾಮದುರ್ಗ ನಿಮ್ಮೂರಿನಿಂದ ಮೂಡಲಿಗೆ ಒಂದೇ ದಿಕ್ಕಿನಲ್ಲಿವೆ, ಖಾನಾಪುರ ಪಡುವಲಿಗೆ. ಎರಡೂ ಕಡೆಯ ಶಾಲೆಗಳನ್ನು ಒಂದೇ ಹಂಗಾಮಿನಲ್ಲಿ ಒಪ್ಪಿಕೊಂಡರೆ ಕಲಿಸುವುದಕ್ಕಿಂತ ಹೆಚ್ಚು ಹೊತ್ತು ಬಸ್ಸಿನಲ್ಲಿಯೇ ಹೋಗುತ್ತದೆ. ಶಕ್ತಿ ಯೋಜನೆಯಿಂದ ಟಿಕೆಟಿನ ದುಡ್ಡು ಉಳಿದರೂ ಹೊತ್ತು ಉಳಿಯುವುದಿಲ್ಲ. ಒಂದು ವರ್ಷ ಒಂದೇ ಮಗ್ಗುಲಿನ ಶಾಲೆಗಳನ್ನು ಹಿಡಿಯಲು ಆದೀತೇ ಎಂದು ಅವರನ್ನೇ ಕೇಳಿ. ತಿಂಗಳಲ್ಲಿ ಎರಡು ಭಾನುವಾರ ಮನೆಗೆಂದು ಮೀಸಲಿಡಬಹುದೇ ಎಂದು ಕೇಳಿ. ಕಡಲೆ ಬಿತ್ತನೆಯ ವಾರಗಳಲ್ಲಿ ಅಂಗಡಿಗೆ ಒಬ್ಬ ಹುಡುಗನನ್ನು ಸಂಬಳಕ್ಕೆ ಇಟ್ಟುಕೊಂಡರೆ ಆಗುವ ಖರ್ಚನ್ನೂ, ನೀವು ಕೌಂಟರ್ ಬಿಟ್ಟು ಮಧ್ಯಾಹ್ನ ಮನೆಗೆ ಓಡಿದಾಗ ಕೈತಪ್ಪುವ ವ್ಯಾಪಾರವನ್ನೂ ಒಟ್ಟಿಗೆ ಕೂತು ತೂಗಿ ನೋಡಿ. ಆ ಮೂರು ತಿಂಗಳು ರೊಟ್ಟಿಯನ್ನು ನೀವಾಗಲಿ ಅವರಾಗಲಿ ಬಡಿಯಲೇಬೇಕೆಂದಿಲ್ಲ. ನಮ್ಮ ಕಡೆ ರೊಟ್ಟಿ ಮಾಡಿ ಕೊಡುವ ಹೆಣ್ಣುಮಕ್ಕಳು ಊರೂರಲ್ಲಿದ್ದಾರೆ, ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಅವರಿಗೂ ನಾಲ್ಕು ಕಾಸು ಸೇರುತ್ತದೆ. ಒಂಬತ್ತನೇ ತರಗತಿಯ ಮಗನ ಹೆಸರು ನಿಮ್ಮ ಪತ್ರದಲ್ಲಿ ಕೆಲಸದ ಪಟ್ಟಿಯಲ್ಲಿ ಎಲ್ಲಿಯೂ ಬಂದಿಲ್ಲ. ಅಜ್ಜಿಯ ಸಂಜೆಯ ಗುಳಿಗೆ, ಪಲ್ಯಕ್ಕೆ ತರಕಾರಿ ಹೆಚ್ಚುವುದು ಅವನಿಂದ ಆಗುವ ಕೆಲಸಗಳೇ. ತಂದೆ ಮಾಡುವುದನ್ನು ನೋಡಿ ಬೆಳೆದ ಹುಡುಗ, ಹೇಳಿದರೆ ಮಾಡುತ್ತಾನೆ.

ಅವರು ಕೆಲವನ್ನು ಒಪ್ಪಬಹುದು, ಕೆಲವನ್ನು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಕಾರಣ ಕೇಳಿ; ಆ ಶಾಲೆಯಲ್ಲಿ ಯಾರೋ ಒಂದು ಮಗು ಈ ‘ಕರಾಟೆ ಅಕ್ಕೋರು’ ಬರುವ ದಿನವನ್ನೇ ಕಾಯುತ್ತಿರಬಹುದು.

ಓಣಿಯ ಮಾತಿಗೆ ಕಿವಿಗೊಡುವುದಿಲ್ಲ ಎಂದಿದ್ದೀರಿ, ಸಂತೋಷ. 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿ ಇರುವ ಊರು ನಿಮ್ಮದು. ಬೆಳಗಾವಿ ತಾಲೂಕಿನ ಹಳ್ಳಿಯಿಂದ ಬಂದ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಕುಸ್ತಿಯಲ್ಲಿ ಕಂಚು ಗೆದ್ದಾಗ ಜಿಲ್ಲೆಯೇ ಹೆಮ್ಮೆಪಟ್ಟಿತು. ಗೆದ್ದ ಮೇಲೆ ಹೆಮ್ಮೆಪಡುವುದು ಸುಲಭ. ಅಭ್ಯಾಸದ ವರ್ಷಗಳಲ್ಲಿ ಮನೆ ನಡೆಸಿ ಕೊಡುವವರು ಬೇಕು, ಅದನ್ನು ನೀವು ಮಾಡಿದ್ದೀರಿ. ಓಣಿಯವರಿಗೆ ಅದು ಇವತ್ತು ತಿಳಿಯದಿದ್ದರೂ ನಿಮ್ಮ ಮಗಳಿಗೆ ತಿಳಿದಿದೆ.

ಕೊನೆಯದಾಗಿ, ಅಂಗಡಿಗೆ ಬಂದುಹೋದವನ ವಿಷಯವನ್ನು ಹಾಗೆಯೇ ಬಿಡಬೇಡಿ. ಅವನು ಬಂದ ದಿನ, ಹೊತ್ತು, ಆಡಿದ ಮಾತು, ಆಗ ಅಂಗಡಿಯಲ್ಲಿ ಇದ್ದ ಗಿರಾಕಿಗಳು ಯಾರು ಎಂಬುದನ್ನೆಲ್ಲ ನೆನಪಿರುವಷ್ಟು ಒಂದು ಹಾಳೆಯ ಮೇಲೆ ಬರೆಯಿರಿ. ಬೆದರಿಕೆ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅಪರಾಧ. ಅವನ ಮಾತು ಆ ಮಟ್ಟಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಪೊಲೀಸರು ನೋಡಲಿ, ಆದರೆ ದಾಖಲೆಯಲ್ಲಿ ಇರಲಿ. ಮತ್ತೆ ಯಾರಾದರೂ ಬಂದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಬರೆದ ಹಾಳೆಯನ್ನು, ಆ ಮಗುವಿನ ದೂರು ದಾಖಲಾಗಿರುವ ಠಾಣೆಗೇ ಕೊಡಬೇಕು. ಅಂದು ನಿಮ್ಮ ಪತ್ನಿ ಅಲ್ಲಿಗೆ ಮುಖ್ಯೋಪಾಧ್ಯಾಯಿನಿಯ ಜೊತೆ ಹೋಗಿದ್ದರು. ಈ ಸಲ ನೀವು ಅವರ ಜೊತೆ ಹೋಗಿ.