ಉಸಿರು ನಿಂತ ಮೇಲೆ ಪಾಸ್‌ಬುಕ್ ಯಾರದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸತ್ತವರು ಬಿಟ್ಟುಹೋದ ಹಣ, ಹೊಲ, ಸಾಲದ ಬಗ್ಗೆ. ಆರನ್ನು ಆರಿಸಿಕೊಂಡಿದ್ದೇವೆ.

ತಂದೆ ತೀರಿಕೊಂಡ ದಿನವೇ ಅವರ ಎಟಿಎಂ ಕಾರ್ಡಿನಿಂದ 40 ಸಾವಿರ ತೆಗೆದು ಅಂತ್ಯಕ್ರಿಯೆಗೆ ಬಳಸಿದೆ. ಪಿನ್ ಗೊತ್ತಿತ್ತು. ಈಗ ತಂಗಿಯ ಗಂಡ ತಗಾದೆ ತೆಗೆದಿದ್ದಾರೆ. ತಪ್ಪಾಯಿತೇ?
— ಓದುಗರೊಬ್ಬರು, ಹಾಸನ

ಕಾನೂನಿನ ಪ್ರಕಾರ ತಪ್ಪೇ. ಉಸಿರು ನಿಂತ ಗಳಿಗೆಗೇ ಆ ಹಣ ತಂದೆಯವರದಾಗಿ ಉಳಿಯಲಿಲ್ಲ, ವಾರಸುದಾರರೆಲ್ಲರದಾಯಿತು. ಕಾರ್ಡು, ಪಿನ್, ಸಹಿ ಹಾಕಿಟ್ಟ ಚೆಕ್ಕು, ಅವರು ಯಾರಿಗಾದರೂ ಕೊಟ್ಟಿದ್ದ ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಬರೆದುಕೊಟ್ಟ ಅಧಿಕಾರಪತ್ರ), ಯಾವುದಕ್ಕೂ ಆಮೇಲೆ ಬೆಲೆಯಿಲ್ಲ. ಎಟಿಎಂ ಯಂತ್ರಕ್ಕೆ ಮಾತ್ರ ಸುದ್ದಿ ಮುಟ್ಟಿರುವುದಿಲ್ಲ.

ಗಾಬರಿಯೂ ಬೇಡ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಸತ್ತವರ ಆಸ್ತಿಯಿಂದ ಮೊದಲು ಸಲ್ಲಬೇಕಾದದ್ದೇ ಅಂತ್ಯಕ್ರಿಯೆಯ ಖರ್ಚು ಮತ್ತು ಕೊನೆಗಾಲದ ವೈದ್ಯಕೀಯ ಖರ್ಚು. ಸಾಲಗಾರರ ಸರದಿ ಆಮೇಲೆ. ಆಂಬುಲೆನ್ಸ್, ಸೌದೆ, ಪುರೋಹಿತರ ದಕ್ಷಿಣೆ ಎಂದು ದಿನಾಂಕ ಸಮೇತ ಒಂದು ಹಾಳೆಯಲ್ಲಿ ಲೆಕ್ಕ ಬರೆದು, ರಸೀದಿ ಲಗತ್ತಿಸಿ, ತಂಗಿಗೂ ಒಂದು ಪ್ರತಿ ಕೊಡಿ. ಉಳಿದದ್ದನ್ನು ಪಾಲಿನ ಲೆಕ್ಕಕ್ಕೆ ಸೇರಿಸಿ. ಆದರೆ ಕಾಯ್ದೆ ಒಪ್ಪುವುದು ಅವರ ಸ್ಥಿತಿಗತಿಗೆ ತಕ್ಕ ಖರ್ಚನ್ನಷ್ಟೇ. ತಿಥಿಗೆ ಐನೂರು ಜನರನ್ನು ಕೂರಿಸಿದ್ದನ್ನೂ ಇದರಲ್ಲೇ ಹಾಕಿದರೆ ತಂಗಿಯ ಗಂಡನ ಮಾತಿಗೇ ಬಲ ಬರುತ್ತದೆ.

ಯಜಮಾನರು ಎಲ್ಲೆಲ್ಲಿ ಏನಿಟ್ಟಿದ್ದರೋ ನಮಗೆ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?
— ಗೃಹಿಣಿ, ದಾವಣಗೆರೆ

ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹತ್ತು ಪ್ರತಿಗಳನ್ನಾದರೂ ಇಟ್ಟುಕೊಳ್ಳಿ. ಆಮೇಲೆ ಪಾಸ್‌ಬುಕ್. ಕನಿಷ್ಠ ಎರಡು ವರ್ಷದ ನಮೂದುಗಳನ್ನು ಮುದ್ರಿಸಿ ತಂದು ಸಾಲು ಸಾಲಾಗಿ ಓದಿ. ಮೇ ಕೊನೆಗೋ ಜೂನ್ ಮೊದಲಿಗೋ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, ಸಾವು ಯಾವ ಕಾರಣದ್ದಾದರೂ 2 ಲಕ್ಷ ಬರುತ್ತದೆ. 20 ರೂಪಾಯಿಯ ಕಡಿತ ಸುರಕ್ಷಾ ವಿಮೆ. ಅಪಘಾತದಲ್ಲಿ ಸತ್ತರೆ ಮಾತ್ರ 2 ಲಕ್ಷ. ಸಹಿ ಹಾಕಿದವರಿಗೇ ನೆನಪಿರದ ವಿಮೆಗಳಿವು, ಮನೆಯವರಿಗಂತೂ ಗೊತ್ತೇ ಇರುವುದಿಲ್ಲ. ಎಸಿಎಚ್ ಎಂಬ ಅಕ್ಷರಗಳ ಜೊತೆ 38, 112 ಹೀಗೆ ಚಿಲ್ಲರೆ ಹಣ ಜಮೆಯಾಗಿದ್ದರೆ ಬಹುಮಟ್ಟಿಗೆ ಷೇರಿನ ಡಿವಿಡೆಂಡ್. ವರ್ಷಕ್ಕೊಮ್ಮೆ ಒಂದೇ ಮೊತ್ತ ಕಡಿತವಾಗಿದ್ದರೆ ಲಾಕರ್ ಬಾಡಿಗೆಯೋ ಎಲ್‌ಐಸಿ ಕಂತೋ ಇರಬಹುದು, ಶಾಖೆಯಲ್ಲಿ ಕೇಳಿ.

ಅವರ ಮೊಬೈಲ್ ಸಿಮ್ ಅನ್ನು ಈಗಲೇ ರದ್ದು ಮಾಡಿಸಬೇಡಿ, ರೀಚಾರ್ಜ್ ಮಾಡಿಸುತ್ತಿರಿ. ಠೇವಣಿ ಮುಗಿಯಿತು, ಕಂತು ಬಾಕಿ ಎನ್ನುವ ಸಂದೇಶಗಳೆಲ್ಲ ಆ ನಂಬರಿಗೇ ಬರುವುದು. ಆದರೆ ಅಲ್ಲಿಗೆ ಬಂದ ಒಟಿಪಿ ಬಳಸಿ ಹಣ ಕದಲಿಸಬೇಡಿ, ಅದೂ ಎಟಿಎಂ ತಪ್ಪಿನ ತಮ್ಮನೇ.

10 ವರ್ಷ ವ್ಯವಹಾರವಿಲ್ಲದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಮುಳುಗುವುದಿಲ್ಲ. ರಿಸರ್ವ್ ಬ್ಯಾಂಕಿನ ‘ಉದ್ಗಮ್’ ಜಾಲತಾಣದಲ್ಲಿ ಹೆಸರು, ಪ್ಯಾನ್ ಹಾಕಿ ಹುಡುಕಿ. ಸಿಕ್ಕರೆ ಅರ್ಜಿ ಕೊಡಬೇಕಾದದ್ದು ಆಯಾ ಬ್ಯಾಂಕಿಗೇ.

ತಂದೆಯ 12 ಲಕ್ಷದ ಎಫ್‌ಡಿಗೆ ಅಣ್ಣ ನಾಮಿನಿ. ಪೂರ್ತಿ ತನ್ನದು ಅನ್ನುತ್ತಾನೆ. ವಿಲ್ ಇಲ್ಲ. ತಾಯಿ, ನಾವು ಇಬ್ಬರು ಗಂಡುಮಕ್ಕಳು, ಒಬ್ಬ ತಂಗಿ, ಅಜ್ಜಿ (ತಂದೆಯ ತಾಯಿ) ಇದ್ದೇವೆ.
— ಓದುಗರು, ಶಿರಸಿ

ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಇಸಿದುಕೊಳ್ಳುವ ಕೈ, ಅಷ್ಟೇ. ಷೇರುಗಳ ವಿಷಯದಲ್ಲೂ ನಾಮಿನಿ ಒಡೆಯನಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ವರ್ಗದಲ್ಲಿ ಹೆಂಡತಿ, ಮಕ್ಕಳು, ಸತ್ತವರ ತಾಯಿ ಸಮಪಾಲುದಾರರು. ನಿಮ್ಮಲ್ಲಿ ಐದು ಪಾಲು, ತಲಾ 2,40,000. ಎಲ್ಲರೂ ಮರೆಯುವುದು ಅಜ್ಜಿಯನ್ನೇ. ಮೂಲೆಯಲ್ಲಿ ಕೂತ ಮುದುಕಿಗೂ ಮಗನ ಹಣದಲ್ಲಿ ಪಾಲಿದೆ. ತಾತ ಇದ್ದಿದ್ದರೆ ಅವರಿಗೆ ಈ ವರ್ಗದಲ್ಲಿ ಪಾಲು ಇರುತ್ತಿರಲಿಲ್ಲ.

ಆದರೆ ಬ್ಯಾಂಕ್ ಅಣ್ಣನಿಗೇ ಕೊಡುತ್ತದೆ. ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಇಷ್ಟು ಕೊಟ್ಟರೆ 15 ದಿನದಲ್ಲಿ ಇತ್ಯರ್ಥ ಮಾಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಿಮ್ಮ ಬರೀ ತಕರಾರು ಅರ್ಜಿ ಅದನ್ನು ತಡೆಯದು, ನ್ಯಾಯಾಲಯದ ತಡೆಯಾಜ್ಞೆ ಬೇಕು. ಕೊಟ್ಟ ಮೇಲೆ ಬ್ಯಾಂಕಿನ ಹೊಣೆ ಮುಗಿಯಿತು, ನಿಮ್ಮ ದಾವೆ ಅಣ್ಣನ ಮೇಲೆ. ಜೀವವಿಮೆಯ ಕತೆ ಬೇರೆ: ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಹಣ ಅವರದೇ ಎನ್ನುತ್ತದೆ 2015ರ ತಿದ್ದುಪಡಿ. ಆದರೆ ಬೇರೆ ವಾರಸುದಾರರು ಹಕ್ಕು ಕೇಳಿದರೆ ಅಲ್ಲೂ ಉತ್ತರಾಧಿಕಾರ ಕಾನೂನೇ ನಡೆಯುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿದೆ.

ನಿಮ್ಮ ಸ್ವಂತ ಖಾತೆಯನ್ನಾದರೂ ಸರಿಮಾಡಿ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರನ್ನು ನಾಮಿನಿ ಮಾಡಿ, ಒಟ್ಟು ನೂರಾಗುವಂತೆ ಶೇಕಡಾವಾರು ಬರೆಸಬಹುದು. ಲಾಕರಿಗೆ ಹಾಗಿಲ್ಲ, ಒಬ್ಬರಾದ ಮೇಲೆ ಒಬ್ಬರು: ಮೊದಲಿನವರು ಬದುಕಿಲ್ಲದಿದ್ದರಷ್ಟೇ ಮುಂದಿನವರ ಸರದಿ.

ತಂದೆಯ ಕ್ರೆಡಿಟ್ ಕಾರ್ಡ್ ಬಾಕಿ ನಾನು ಕಟ್ಟಬೇಕೇ?
— ಓದುಗರು, ಬೆಂಗಳೂರು

ಅವರಿಂದ ನಿಮಗೆ ಬಂದ ಆಸ್ತಿಯ ಮೌಲ್ಯದವರೆಗೆ ಮಾತ್ರ. ಏನೂ ಬಂದಿಲ್ಲವಾದರೆ ಏನೂ ಇಲ್ಲ. ಜಾಮೀನು ಹಾಕಿದ್ದರೆ ಬೇರೆ ಮಾತು. ವಸೂಲಿಯವರ ಫೋನಿಗೆ ಹೆದರಿ ‘ನಾನೇ ಕಟ್ಟುತ್ತೇನೆ’ ಎಂದು ಬರೆದುಕೊಡಬೇಡಿ.

ವಯಸ್ಸು 74. ಹೋಗುವಾಗ ಚಿಂದಿಯನ್ನೂ ಹೊತ್ತೊಯ್ಯುವುದಿಲ್ಲ, ಮತ್ತೆ ಈ ವಿಲ್ ತಾಪತ್ರಯ ಯಾಕೆ?
— ನಿವೃತ್ತ ಶಿಕ್ಷಕರು, ಮೈಸೂರು

ಹೊತ್ತೊಯ್ಯುವುದಿಲ್ಲ ಅಂತಲೇ ಮೇಷ್ಟ್ರೇ. ಹೊತ್ತೊಯ್ಯುವಂತಿದ್ದರೆ ವಿಲ್ ಬೇಕಿರಲಿಲ್ಲ.

ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ನೀವೇ ಕೈಯಲ್ಲಿ ಬರೆದರೂ ಸರಿ. ಆಸ್ತಿಯನ್ನು ಸರ್ವೆ ನಂಬರ್, ಖಾತೆ ಸಂಖ್ಯೆ ಸಮೇತ ಹೆಸರಿಸಿ. ‘ಉಳಿದೆಲ್ಲ ಸ್ವತ್ತು ಇಂಥವರಿಗೆ’ ಎಂಬ ಸಾಲು ಮರೆಯಬೇಡಿ. ಇಲ್ಲದಿದ್ದರೆ ಮುಂದೆ ಕೊಂಡ ಸೈಟು ವಿಲ್‌ನಿಂದ ಹೊರಗುಳಿಯುತ್ತದೆ. ಇಬ್ಬರು ಸಾಕ್ಷಿಗಳು ನಿಮ್ಮ ಸಹಿಯನ್ನು ಕಣ್ಣಾರೆ ನೋಡಿ, ನಿಮ್ಮೆದುರೇ ಸಹಿ ಹಾಕಲಿ. ವಿಲ್ ಕೆಡುವುದು ಹೆಚ್ಚಾಗಿ ಇಲ್ಲೇ. ಓರಗೆಯ ಗೆಳೆಯರನ್ನು ಸಾಕ್ಷಿ ಹಾಕಿಸುತ್ತಾರೆ, ಕೋರ್ಟಿಗೆ ಹೋಗುವ ಹೊತ್ತಿಗೆ ಅವರೂ ಇರುವುದಿಲ್ಲ. ವಿಲ್ ಸಾಬೀತಿಗೆ ಒಬ್ಬ ಸಾಕ್ಷಿಯಾದರೂ ಬಂದು ನುಡಿಯಬೇಕು. ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಹಿಡಿಯಿರಿ, ಒಬ್ಬರು ವೈದ್ಯರಾದರೆ ನಿಮ್ಮ ಬುದ್ಧಿ ಸ್ಥಿಮಿತದ ಬಗ್ಗೆ ಯಾರೂ ಸುಲಭವಾಗಿ ಬಾಯಿ ತೆರೆಯಲಾರರು. ಆಸ್ತಿ ಪಡೆಯುವವರು ಸಾಕ್ಷಿಯಾಗದಿರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗಷ್ಟೇ ಬರೆಯಬಹುದು.

ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಬೆಳೆ ಸಾಲ ಸಿಗುತ್ತಿಲ್ಲ.
— ರೈತರು, ಶಿರಾ

ಪೌತಿ ಖಾತೆ ಮಾಡಿಸಿ, ಅಂದರೆ ಸತ್ತವರ ಹೆಸರಿನ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್ ಬೇಕು. ತಾತ, ತಂದೆ ಇಬ್ಬರೂ ಇಲ್ಲವಾದರೆ ಇಬ್ಬರದೂ ಮರಣ ಪ್ರಮಾಣಪತ್ರ. ಅರ್ಜಿ ಸಿಗಿಬೀಳುವುದು ಹೆಸರಿನಲ್ಲಿ: ಪಹಣಿಯಲ್ಲಿ ‘ತಿಮ್ಮಯ್ಯ ಬಿನ್ ಕೆಂಚಯ್ಯ’, ಮರಣ ಪತ್ರದಲ್ಲಿ ‘ತಿಮ್ಮೇಗೌಡ’. ಇಬ್ಬರೂ ಒಬ್ಬರೇ ಎಂದು ಪ್ರಮಾಣ ಮಾಡಿ ಹೇಳುವ ಅಫಿಡವಿಟ್ಟನ್ನು ನೋಟರಿಯಿಂದ ಮೊದಲೇ ಮಾಡಿಸಿ ಜೊತೆಗಿಡಿ. ಪಾಲು ಒಪ್ಪಂದವಾಗದಿದ್ದರೂ ಎಲ್ಲರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಬಹುದು. ವಿಭಾಗ, ಅದಕ್ಕೆ ಬೇಕಾದ 11ಇ ಅಳತೆ ನಕ್ಷೆ ಆಮೇಲೆ ನೋಡಿಕೊಳ್ಳಿ. ಮದುವೆಯಾಗಿ ಹೋದ ಅತ್ತೆಯಂದಿರನ್ನು ವಂಶವೃಕ್ಷದಿಂದ ಬಿಡಬೇಡಿ. ನೋಟಿಸ್ ಹೊರಟ ಮೇಲೆ ಆಕ್ಷೇಪಣೆಗೆ ಗಡುವು ಇರುತ್ತದೆ, ಅಷ್ಟರಲ್ಲಿ ಅವರಲ್ಲೊಬ್ಬರು ತಕರಾರು ಕೊಟ್ಟರೆ ಕಡತ ತಹಶೀಲ್ದಾರರ ಮುಂದೆ ವಿವಾದಿತ ಪ್ರಕರಣವಾಗಿ ಹೋಗುತ್ತದೆ, ಈ ಮುಂಗಾರಿಗೆ ಸಾಲ ಸಿಕ್ಕುವುದಿಲ್ಲ.