ಹವಳದ ತೊಟ್ಟಿಗೆ ಎಷ್ಟು ಬೆಳಕು ಬೇಕು?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿದ್ದೇನೆ. ಆರು ವರ್ಷಗಳಿಂದ ಎರಡು ಅಡಿಯ ತೊಟ್ಟಿಯಲ್ಲಿ ಜಲಸಸ್ಯಗಳನ್ನೂ ನಿಯಾನ್ ಟೆಟ್ರಾ ಮೀನುಗಳನ್ನೂ ಸಾಕುತ್ತಿದ್ದೇನೆ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ಇದೇ ತೊಟ್ಟಿಯನ್ನು ಈಗ ಉಪ್ಪುನೀರಿನ ಹವಳದ ತೊಟ್ಟಿಯಾಗಿ ಮಾರ್ಪಡಿಸುವ ಆಸೆಯಿದೆ. ಗಿಡಗಳಿಗೆಂದು ಕೊಂಡ 6500 ಕೆಲ್ವಿನ್‌ನ, ಅಂದರೆ ಹಗಲಿನಂತಹ ಬಿಳಿ ಬೆಳಕಿನ, ಎಲ್‌ಇಡಿ ದೀಪ ಕೆಲಸಕ್ಕೆ ಬಾರದು, ಕನಿಷ್ಠ 150 ವ್ಯಾಟಿನ ದೀಪ ಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಅದರ ಬೆಲೆ ಕೇಳಿ ಗಾಬರಿಯಾಯಿತು. ಮಂಗಳೂರಿನಲ್ಲಿ ಅಕ್ಕನ ಮನೆಯಿರುವುದರಿಂದ ಸಮುದ್ರದ ನೀರನ್ನೂ ಕಲ್ಲನ್ನೂ ಅಲ್ಲಿಂದಲೇ ತರಬಹುದೆಂದುಕೊಂಡಿದ್ದೇನೆ. ಎಲ್ಲಿಂದ ಆರಂಭಿಸಲಿ?

ಉತ್ತರ: ದೀಪದ ಅಡಿಯಲ್ಲಿ ಯಾವ ಜೀವಿ ಇರುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು, ಏಕೆಂದರೆ ನಾವು ಬೆಳಕನ್ನು ಕೊಳ್ಳುವುದು ತೊಟ್ಟಿಗಲ್ಲ, ಹವಳಕ್ಕೆ. ಈ ತೀರ್ಮಾನದ ಬಹುಪಾಲನ್ನು ಭಾರತದಲ್ಲಿ ಕಾನೂನೇ ಮಾಡಿಬಿಟ್ಟಿದೆ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಕಡಲ ಬೀಸಣಿಗೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ ಮತ್ತು ಆನೆಯ ಹೆಸರಿರುವುದೂ ಅದೇ ಅನುಸೂಚಿಯಲ್ಲಿ. ಕಡಲ್ಗುದುರೆಗಳಿಗೂ ಇದೇ ರಕ್ಷಣೆಯಿದೆ. ಆದ್ದರಿಂದ ವಿದೇಶೀ ವೀಡಿಯೊಗಳಲ್ಲಿ ಕಾಣುವ, ಕೊಂಬೆಕೊಂಬೆಯಾಗಿ ಬೆಳೆಯುವ ನೇರಳೆ ಬಣ್ಣದ ಹವಳಗಳು ನಿಮ್ಮ ಪಟ್ಟಿಯಿಂದ ಹೊರಗುಳಿಯಬೇಕು; ಅಂಗಡಿಯಲ್ಲಿ ಮಾರಾಟಕ್ಕಿವೆ ಎಂಬ ಕಾರಣಕ್ಕೆ ಅವುಗಳನ್ನು ಮನೆಗೆ ತರುವುದು ಕಾನೂನುಬದ್ಧವಾಗುವುದಿಲ್ಲ.

ಉಳಿಯುವುದು ಗಟ್ಟಿ ಅಸ್ಥಿಪಂಜರವಿಲ್ಲದ ಜೀವಿಗಳು: ಅಣಬೆ ಹವಳ ಎಂದು ಕರೆಯುವ ಚಪ್ಪಟೆ ಮಶ್ರೂಮ್‌ಗಳು, ಗುಂಡಿಗಳಂತೆ ಗುಂಪಾಗಿ ಅರಳುವ ಜೊವಾಂಥಿಡ್‌ಗಳು, ತೊಗಲಿನಂತಹ ಮೈಯ ಲೆದರ್ ಹವಳಗಳು. ಇವು ಮೇಲೆ ಹೇಳಿದ ಗುಂಪುಗಳಿಗೆ ಸೇರುವುದಿಲ್ಲ. ಆದರೂ ಎಲ್ಲಿಂದ ಬಂದವು ಎಂಬುದನ್ನು ತೋರಿಸುವ ಬಿಲ್ಲನ್ನು ಕೇಳಿ ಪಡೆಯಿರಿ, ಅನುಮಾನವಿದ್ದರೆ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗವನ್ನು ವಿಚಾರಿಸಿ. ನಿಮ್ಮ ಅದೃಷ್ಟಕ್ಕೆ, ಹೊಸಬರ ಕೈಯಲ್ಲಿ ಬದುಕುಳಿಯುವ ಹವಳಗಳೂ ಇವೇ, ಕಡಿಮೆ ಬೆಳಕಿನಲ್ಲಿ ತೃಪ್ತಿಪಡುವ ಹವಳಗಳೂ ಇವೇ. 150 ವ್ಯಾಟಿನ ದೀಪ ನಿಮಗೆ ಬೇಡ ಎಂದು ನಾನು ಹೇಳುವುದಕ್ಕೆ ಕಾರಣ ಇಷ್ಟೇ.

ಹವಳದ ಮೈಯೊಳಗೆ ಜೂಜ಼ಾಂಥೆಲೆ ಎಂಬ ಏಕಕೋಶದ ಪಾಚಿಗಳು ನೆಲೆಸಿರುತ್ತವೆ. ಅವು ದ್ಯುತಿಸಂಶ್ಲೇಷಣೆಯಿಂದ ತಯಾರಿಸುವ ಸಕ್ಕರೆಯೇ ಹವಳದ ಆಹಾರದ ದೊಡ್ಡ ಭಾಗ. ಸಮುದ್ರದ ನೀರು ಸೂರ್ಯನ ಬೆಳಕಿನಲ್ಲಿ ಮೊದಲು ಕೆಂಪನ್ನು ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹೆಚ್ಚುಕಡಿಮೆ ಮಾಯವಾಗಿ ನೀಲಿ ಉಳಿಯುತ್ತದೆ. ಈ ಪಾಚಿಗಳ ವರ್ಣದ್ರವ್ಯಗಳು ಆ ನೀಲಿಗೇ ಹೊಂದಿಕೊಂಡಿದ್ದು, 430ರಿಂದ 480 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಹವಳದ ದೀಪಗಳಲ್ಲಿ 450 ನ್ಯಾನೊಮೀಟರಿನ ಆಸುಪಾಸಿನ ಕಡುನೀಲಿ ಎಲ್‌ಇಡಿಗಳೇ ಹೆಚ್ಚಾಗಿರುವುದು ಇದಕ್ಕಾಗಿ. ನಿಮ್ಮ 6500 ಕೆಲ್ವಿನ್ ದೀಪದಲ್ಲಿಯೂ ನೀಲಿ ಇದ್ದೇ ಇದೆ, ಅದರಡಿಯಲ್ಲಿ ಅಣಬೆ ಹವಳ ಸಾಯುವುದಿಲ್ಲ. ಆದರೆ ಅದೇ ಪ್ರಮಾಣದ ನೀಲಿಗಾಗಿ ಹಸಿರು, ಹಳದಿ, ಕೆಂಪು ಬೆಳಕನ್ನೂ ತೊಟ್ಟಿಗೆ ಸುರಿಯಬೇಕಾಗುತ್ತದೆ, ಅದರ ಲಾಭ ಬೇಡದ ಪಾಚಿಗೂ ಸಿಗುತ್ತದೆ. ಜೊತೆಗೆ ಹವಳದ ಮೈಯ ಹೊಳೆಯುವ ಹಸಿರು ಮತ್ತು ಕಿತ್ತಳೆ ಬಣ್ಣಗಳು ನೀಲಿ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತವೆ. ಬಿಳಿ ದೀಪದಡಿ ಎಲ್ಲವೂ ಕಂದುಕಂದಾಗಿ ತೋರುತ್ತದೆ. ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದರೆ ಇಷ್ಟು: ದೀಪ ಬೇರೆಯದಾದರೆ ಒಳ್ಳೆಯದು, ದೊಡ್ಡದಾಗಬೇಕಿಲ್ಲ.

ಎಷ್ಟು ಬೆಳಕು ಎಂಬುದನ್ನು ವ್ಯಾಟಿನಲ್ಲಿ ಅಳೆಯುವ ರೂಢಿ ಟ್ಯೂಬ್‌ಲೈಟಿನ ಕಾಲದ್ದು. ಎಲ್‌ಇಡಿಯ ಮಸೂರ, ಎತ್ತರ, ಬಣ್ಣ ಇವುಗಳಿಂದ ಫಲಿತಾಂಶ ಬಹಳ ಬದಲಾಗುವುದರಿಂದ ಈಗ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು, ಅಂದರೆ ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಬೀಳುವ ಬೆಳಕಿನ ಕಣಗಳನ್ನು ಮೈಕ್ರೊಮೋಲ್‌ಗಳಲ್ಲಿ ಎಣಿಸುತ್ತಾರೆ. ಹವ್ಯಾಸಿಗಳು ಇದನ್ನು ‘ಪಾರ್’ ಎನ್ನುತ್ತಾರೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಇದು 2000ದ ಸುಮಾರಿಗೆ ಇರುತ್ತದೆ. ಕೊಂಬೆ ಹವಳಗಳಿಗೆ 200ರಿಂದ 350 ಬೇಕು. ನಿಮ್ಮ ಮೆದು ಹವಳಗಳಿಗೆ 50ರಿಂದ 120 ಸಾಕು, ಅಣಬೆ ಹವಳವಂತೂ 50ರಲ್ಲಿಯೇ ಹಿಗ್ಗಿ ಕುಳಿತಿರುತ್ತದೆ. 40 ಸೆಂ.ಮೀ. ಆಳದ ತೊಟ್ಟಿಗೆ, ನೀಲಿ ಮತ್ತು ಬಿಳಿಯನ್ನು ಪ್ರತ್ಯೇಕವಾಗಿ ಏರಿಳಿಸಬಹುದಾದ 50ರಿಂದ 60 ವ್ಯಾಟಿನ ಹವಳದ ದೀಪವೊಂದನ್ನು ನೀರಿನ ಮೇಲ್ಮೈಯಿಂದ 20ರಿಂದ 25 ಸೆಂ.ಮೀ. ಎತ್ತರದಲ್ಲಿ ತೂಗುಹಾಕಿದರೆ ಈ ಮಟ್ಟವನ್ನು ಮುಟ್ಟುವುದು ಕಷ್ಟವಲ್ಲ. ಎತ್ತರ ಹೆಚ್ಚಿಸಿದರೆ ತೀವ್ರತೆ ಇಳಿದು ಹರವು ಹೆಚ್ಚುತ್ತದೆ, ತೊಟ್ಟಿಯ ಮೂಲೆಗಳಿಗೂ ಬೆಳಕು ಸಿಗುತ್ತದೆ. ಮೊಬೈಲಿನ ಲಕ್ಸ್ ಆ್ಯಪ್‌ನಿಂದ ಇದನ್ನು ಅಳೆಯಲು ಹೋಗಬೇಡಿ: ಲಕ್ಸ್ ಎಂಬುದು ಹಸಿರಿಗೆ ಹೆಚ್ಚು ಸ್ಪಂದಿಸುವ ಮನುಷ್ಯನ ಕಣ್ಣಿನ ಲೆಕ್ಕ, ನೀಲಿಯನ್ನು ಅದು ಬಹಳ ಕಡಿಮೆ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ದೀಪವನ್ನು ಪೂರ್ತಿ ಏರಿಸಿ ಹವಳವನ್ನು ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಪಾರ್ ಮಾಪಕ ದುಬಾರಿಯಾದ್ದರಿಂದ ಕೊಳ್ಳುವ ಬದಲು, ಹವ್ಯಾಸಿಗಳಲ್ಲಿ ಇದ್ದವರಿಂದ ಒಂದು ಸಂಜೆಗೆ ಎರವಲು ಪಡೆಯಿರಿ.

ಆದರೆ ದೀಪ ಹೊತ್ತಿಸುವ ದಿನ ಇನ್ನೂ ದೂರವಿದೆ. ಅದಕ್ಕೆ ಮೊದಲು ನೀರು. ಮಂಗಳೂರಿನ ದಡದ ನೀರನ್ನು ತರುವುದು ಬೇಡ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಸಿಹಿನೀರು ಸೇರಿ ಅಲ್ಲಿನ ಲವಣಾಂಶ ಇಳಿಯುತ್ತದೆ, ಬಂದರಿನ ಎಣ್ಣೆ ಮತ್ತು ಊರಿನ ಕೊಳಚೆ ಬೇರೆ. ಕ್ಯಾನುಗಳಲ್ಲಿ ಘಾಟಿ ಹತ್ತಿ ಬರುವಷ್ಟರಲ್ಲಿ ಅದರಲ್ಲಿನ ಸೂಕ್ಷ್ಮಜೀವಿಗಳು ಸತ್ತು ಕೊಳೆಯಲು ಆರಂಭಿಸಿರುತ್ತವೆ. ಅಲ್ಲಿಂದ ಕಲ್ಲು ತರುವ ಯೋಚನೆಯನ್ನೂ ಬಿಡಿ. ದಡಕ್ಕೆ ತೇಲಿಬಂದ ಸತ್ತ ಹವಳದ ತುಂಡಿಗೂ ಮೇಲೆ ಹೇಳಿದ ಕಾಯ್ದೆ ಅನ್ವಯಿಸುತ್ತದೆ. ಅಕ್ಕನ ಮನೆಗೆ ಹೋದಾಗ ಹಾಗೆಯೇ ಮುರ್ಡೇಶ್ವರದವರೆಗೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಹವಳಗಳನ್ನು ಅವುಗಳ ಮನೆಯಲ್ಲಿಯೇ ನೋಡಿ ಬನ್ನಿ. ಅವು ಎಂತಹ ಬೆಳಕಿನಲ್ಲಿ ಬದುಕುತ್ತವೆ ಎಂಬುದು ಯಾವ ಪಟ್ಟಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ತೊಟ್ಟಿಗೆ ಹವಳ ಬೆರೆಯದ, ಸುಟ್ಟ ಪಿಂಗಾಣಿಯಿಂದಲೋ ಸಿಮೆಂಟಿನಿಂದಲೋ ಮಾಡಿದ ಕೃತಕ ಕಲ್ಲು ಎಂಟು ಹತ್ತು ಕಿಲೊ ಸಾಕು.

ನೀರನ್ನು ಮನೆಯಲ್ಲಿಯೇ ತಯಾರಿಸಬೇಕು, ಅದಕ್ಕೆ ಅಡುಗೆಮನೆಯ ಆರ್‌ಒ ಯಂತ್ರ ಸಾಲದು. ರುಚಿಗೆಂದು ಖನಿಜಗಳನ್ನು ಮತ್ತೆ ಬೆರೆಸುವ ಯಂತ್ರಗಳೇ ಈಗ ಹೆಚ್ಚು. ಕೆಲವು ತಾಮ್ರವನ್ನೂ ಸೇರಿಸುತ್ತವೆ. ನಮಗೆ ಆರೋಗ್ಯಕರವೆನಿಸುವ ಆ ತಾಮ್ರ ಅಕಶೇರುಕಗಳಿಗೆ ವಿಷ. ನಿಮ್ಮ ಹಳೆಯ ತೊಟ್ಟಿಯಲ್ಲಿ ಬಿಳಿಚುಕ್ಕೆ ರೋಗಕ್ಕೆಂದು ತಾಮ್ರದ ಔಷಧಿ ಹಾಕಿದ್ದರೆ ಅಲ್ಲಿನ ಮರಳು ಮತ್ತು ಫಿಲ್ಟರಿನ ಸ್ಪಂಜನ್ನೂ ಇದೇ ಕಾರಣಕ್ಕೆ ಎಸೆದುಬಿಡಿ. ಆರ್‌ಒ ನಂತರ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರಾಳದ ಹಂತವಿರುವ ಯಂತ್ರದಿಂದ ಬಂದ, ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆಯಿರುವ ನೀರಿಗೆ ಹವಳದ ತೊಟ್ಟಿಗೆಂದೇ ತಯಾರಾದ ಉಪ್ಪಿನ ಮಿಶ್ರಣವನ್ನು ಬೆರೆಸಿ. ನಿಮ್ಮ ತೊಟ್ಟಿಯ ಒಟ್ಟು ಅಳತೆ 96 ಲೀಟರ್, ಕಲ್ಲು ಕಳೆದು ನಿಲ್ಲುವ ನೀರು ಸುಮಾರು 80 ಲೀಟರ್. ಅದಕ್ಕೆ ಹತ್ತಿರ ಹತ್ತಿರ 3 ಕಿಲೊ ಮಿಶ್ರಣ ಹಿಡಿಯುತ್ತದೆ. ಅಡುಗೆಯ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬೇಕಾದ ಪ್ರಮಾಣದಲ್ಲಿ ಇಲ್ಲವಾದ್ದರಿಂದ ಅದು ನಡೆಯುವುದಿಲ್ಲ. ಗುರಿ ಸಾವಿರಕ್ಕೆ 35 ಭಾಗ ಲವಣಾಂಶ, ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು. ತೂಗುಮುಳ್ಳಿನ ಅಗ್ಗದ ಹೈಡ್ರೋಮೀಟರ್‌ಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುವುದರಿಂದ ಬೆಳಕು ಬಾಗುವುದನ್ನು ನೋಡಿ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಕೊಂಡು, ಅದನ್ನು 35ರ ಪ್ರಮಾಣಿತ ದ್ರಾವಣದಿಂದ ಸರಿಹೊಂದಿಸಿಕೊಳ್ಳಿ.

ಸಿಹಿನೀರಿನಿಂದ ಬಂದವರು ಸಾಮಾನ್ಯವಾಗಿ ಎಡವುವುದು ಆವಿಯ ವಿಷಯದಲ್ಲಿ. ಒಲೆಯ ಮೇಲೆ ಬತ್ತಿದ ಸಾರು ಉಪ್ಪಾಗುವಂತೆ ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ದಿನವೂ ಇಳಿದಷ್ಟನ್ನು ಉಪ್ಪು ಬೆರೆಸದ ಶುದ್ಧ ನೀರಿನಿಂದ ತುಂಬಿಸಬೇಕು, ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸುವಾಗ ಮಾತ್ರ ಉಪ್ಪುನೀರು ಹಾಕಬೇಕು.

ಕಲ್ಲು ಜೋಡಿಸಿ, ಗಂಟೆಗೆ 1000ದಿಂದ 1500 ಲೀಟರ್ ನೀರು ತಿರುಗಿಸುವ ಪಂಪ್ ಹಾಕಿ, ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಅರಗಿಸುವ ಬಾಟಲಿಯ ಬ್ಯಾಕ್ಟೀರಿಯಾವನ್ನೂ, ಅದಕ್ಕೆ ಆಹಾರವಾಗಿ 2 ಪಿಪಿಎಂನಷ್ಟು (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾವನ್ನೂ ಸೇರಿಸಿದ ಮೇಲೆ ನಾಲ್ಕರಿಂದ ಆರು ವಾರ ಸುಮ್ಮನೆ ಕಾಯಬೇಕು. ಹಾಕಿದ ಅಮೋನಿಯಾ ಒಂದು ದಿನದೊಳಗೆ ನೈಟ್ರೈಟ್ ಆಗಿ, ಅದೂ ಸೊನ್ನೆಗಿಳಿದು ನೈಟ್ರೇಟ್ ಮಾತ್ರ ಉಳಿದರೆ ತೊಟ್ಟಿ ಸಿದ್ಧವಾಗಿದೆ. ಈ ಅವಧಿಯಲ್ಲಿ ದೀಪವನ್ನು ಹೊತ್ತಿಸಲೇಬೇಡಿ. ಬ್ಯಾಕ್ಟೀರಿಯಾಗಳಿಗೆ ಬೆಳಕು ಬೇಡ, ಬೇಕಾಗಿರುವುದು ಪಾಚಿಗೆ. ಆಮೇಲೂ ಕಲ್ಲಿನ ಮೇಲೆ ಕಂದು ಧೂಳಿನಂತಹ ಡಯಾಟಮ್ ಎಂಬ ಪಾಚಿ ಕವಿಯುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಅದನ್ನು ಕಂಡು ದೀಪ ಬದಲಿಸಿದವರುಂಟು.

ಮೊದಲ ಹವಳ ಬಂದ ದಿನ ನೀಲಿಯನ್ನು ಶೇ. 25ರಿಂದ 30ರಲ್ಲಿ, ಬಿಳಿಯನ್ನು ಶೇ. 5ರಲ್ಲಿ ಇಟ್ಟು ಆರು ಗಂಟೆ ಮಾತ್ರ ಬೆಳಗಿಸಿ. ಪ್ರತಿ ವಾರ ಶೇ. 5ರಂತೆ ಏರಿಸುತ್ತಾ, ಅವಧಿಯನ್ನು ಎಂಟರಿಂದ ಒಂಬತ್ತು ಗಂಟೆಗೆ ತಂದು ನಿಲ್ಲಿಸಿ. ಕೈಯಿಂದ ಹಾಕಿ ಆರಿಸುವ ಅಭ್ಯಾಸ ಬೇಡ, ಟೈಮರ್ ಇರಲಿ. ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ ಇಟ್ಟರೆ ಕೆಲಸದಿಂದ ಬಂದ ಮೇಲೂ ನೋಡಲು ಸಿಗುತ್ತದೆ. ಅಣಬೆ ಹವಳವನ್ನು ತಳದಲ್ಲಿ, ಜೊವಾಂಥಿಡನ್ನು ನಡುವಿನಲ್ಲಿ, ಲೆದರನ್ನು ಸ್ವಲ್ಪ ಮೇಲೆ ಇರಿಸಿ. ಬೆಳಕು ಸಾಲದಿದ್ದರೆ ಜೊವಾಂಥಿಡ್‌ಗಳು ಕತ್ತು ಚಾಚಿದಂತೆ ಉದ್ದವಾಗುತ್ತವೆ. ಹೆಚ್ಚಾದರೆ ಅಣಬೆ ಹವಳ ಮುದುಡಿ ಬಣ್ಣ ಕಳೆದುಕೊಳ್ಳುತ್ತದೆ. ಲೆದರ್ ಹವಳ ಕೆಲವು ದಿನ ಮುಚ್ಚಿಕೊಂಡು ಮೇಣದಂತಹ ಪೊರೆ ಕಳಚುವುದು ಅದರ ಸ್ವಭಾವ, ಅದಕ್ಕೆ ಬೆಳಕು ಕಾರಣವಲ್ಲ. ಜೊವಾಂಥಿಡ್‌ಗಳ ಬಂಧುಗಳಾದ ಪ್ಯಾಲಿಥೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ. ಕೈಗವಸು ಇಲ್ಲದೆ ಈ ಗುಂಪಿನ ಯಾವುದನ್ನೂ ಮುಟ್ಟಬೇಡಿ, ಅವು ಅಂಟಿದ ಕಲ್ಲನ್ನು ಕುದಿಯುವ ನೀರಿಗೆ ಎಂದಿಗೂ ಹಾಕಬೇಡಿ. ಆ ಹಬೆಯನ್ನು ಉಸಿರಾಡಿದವರು ಆಸ್ಪತ್ರೆ ಸೇರಿದ್ದಾರೆ.

ತಾಪಮಾನ 24ರಿಂದ 26 ಡಿಗ್ರಿ ಇರಲಿ. ಏಪ್ರಿಲ್‌ನಲ್ಲಿ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ಬೆಂಗಳೂರಿನ ಒಣಹವೆಗೆ ಇದು ಸಾಕು. ಗಾಳಿಯಲ್ಲಿ ತೇವ ತುಂಬಿರುವ ಮಂಗಳೂರಿನಲ್ಲಿ ಚಿಲ್ಲರ್ ಬೇಕಾಗುತ್ತಿತ್ತು. ಡಿಸೆಂಬರಿನ ರಾತ್ರಿಗಳಿಗೆ ಹೀಟರ್ ಬೇಕು. ವಿದ್ಯುತ್ ಹೋದಾಗ ದೀಪ ಆರಿದರೆ ಹವಳಕ್ಕೆ ಏನೂ ಆಗದು, ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿಯುತ್ತದೆ. ಮನೆಯ ಯುಪಿಎಸ್‌ಗೆ ಪಂಪನ್ನು ಮಾತ್ರ ಜೋಡಿಸಿ. ಉಪ್ಪುನೀರಿನ ತುಂತುರು ಸ್ವಿಚ್ಚಿಗೆ ತಗಲುವ ಕಡೆ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ) ಇಲ್ಲದಿದ್ದರೆ ದೀಪಕ್ಕಿಂತ ಮೊದಲು ಅದನ್ನು ಹಾಕಿಸಿ.

ಮೀನಿನ ವಿಷಯ ಚಿಕ್ಕದು: ಈ ಅಳತೆಗೆ ಎರಡು ಕ್ಲೌನ್ ಮೀನು ಸಾಕು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವನ್ನು ಮರಿಮಾಡಿಸುವ ವಿಧಾನವನ್ನು ರೂಪಿಸಿರುವುದರಿಂದ ಕಡಲಿನಿಂದ ಹಿಡಿದುದನ್ನು ಕೊಳ್ಳುವ ಅಗತ್ಯವಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಒಂದು ವರ್ಷದಿಂದ ಚೆನ್ನಾಗಿದ್ದ ಟಾರ್ಚ್ ಹವಳ, ಹೊಸ ಎಲ್‌ಇಡಿ ಹಾಕಿದ ಐದೇ ದಿನದಲ್ಲಿ ಬೆಳ್ಳಗಾಗಿದೆ. ಸತ್ತಿತೇ?

ಉತ್ತರ: ಟಾರ್ಚ್ ಕಲ್ಲುಹವಳದ ಜಾತಿ, ಇಲ್ಲಿ ನಿಷಿದ್ಧವಾದರೂ ನಿಮ್ಮಲ್ಲಿ ತೊಟ್ಟಿಗಳಲ್ಲಿಯೇ ಬೆಳೆಸಿದ ತುಂಡುಗಳು ಕಾನೂನುಬದ್ಧವಾಗಿ ಸಿಗುತ್ತವೆ. ಬೆಳ್ಳಗಾದ ಮಾತ್ರಕ್ಕೆ ಅದು ಸತ್ತಿಲ್ಲ. ಬೆಳಕು ಅತಿಯಾದಾಗ ಒಳಗಿನ ಪಾಚಿಗಳು ಹವಳಕ್ಕೆ ಹಾನಿಕರವಾದ ಆಮ್ಲಜನಕದ ರೂಪಗಳನ್ನು ಉಂಟುಮಾಡುತ್ತವೆ, ಆಗ ಹವಳ ಆ ಪಾಚಿಗಳನ್ನೇ ಹೊರದಬ್ಬುತ್ತದೆ. ಬಿಸಿಯಿಂದಲೂ ಇದೇ ಆಗುತ್ತದೆ. 1998ರಲ್ಲಿ ಸಮುದ್ರ ಕಾದಾಗ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡದ್ದು ಹೀಗೆಯೇ. ಆದ್ದರಿಂದ ಮೊದಲು ಥರ್ಮಾಮೀಟರ್ ನೋಡಿ. ನೀರು 26ರ ಆಸುಪಾಸಿನಲ್ಲಿದ್ದರೆ ದೀಪವೇ ಕಾರಣ: ಈಗಿರುವುದರ ಮೂರನೇ ಒಂದು ಭಾಗಕ್ಕೆ ಇಳಿಸಿ, ಹವಳವನ್ನು ಅಲ್ಲಿಂದಿಲ್ಲಿಗೆ ಸಾಗಿಸದೆ ಇದ್ದಲ್ಲಿಯೇ ಬಿಡಿ, ವಾರಕ್ಕೆರಡು ಸಲ ಸಣ್ಣದಾಗಿ ಹೆಚ್ಚಿದ ಮೈಸಿಸ್ ಸಿಗಡಿ ಕೊಡಿ. ಪಾಚಿ ಒದಗಿಸುತ್ತಿದ್ದ ಊಟ ನಿಂತಿರುವುದರಿಂದ ಈಗ ಬಾಯಿಗೆ ಕೊಡುವುದೇ ಆಧಾರ. ಬಿಳಿಯ ಕೆಳಗೆ ಮೃದುವಾದ ಮಾಂಸ ಉಳಿದು ಗ್ರಹಣಾಂಗಗಳು ಅಲ್ಪಸ್ವಲ್ಪವಾದರೂ ಹೊರಬರುತ್ತಿದ್ದರೆ ಬಣ್ಣ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಮರಳುತ್ತದೆ. ಆಮೇಲೆ ವಾರಕ್ಕೆ ಶೇ. 5ಕ್ಕಿಂತ ವೇಗವಾಗಿ ಬೆಳಕು ಏರಿಸಬೇಡಿ. ಮಾಂಸ ಕಳಚಿ ಅಸ್ಥಿ ಕಾಣುತ್ತಿದ್ದರೆ, ಅದರ ಮೇಲೆ ದುರ್ವಾಸನೆಯ ಕಂದು ಲೋಳೆ ಕಟ್ಟಿದ್ದರೆ ಅದು ಬೇರೆ ರೋಗ; ಪಂಪ್ ನಿಲ್ಲಿಸಿ, ಲೋಳೆಯನ್ನು ನಳಿಕೆಯಿಂದ ಹೊರಗೆಳೆದು, ರೋಗ ತಗುಲಿದ ಆ ಕವಲನ್ನು ಇಂದೇ ತೊಟ್ಟಿಯಿಂದ ಬೇರ್ಪಡಿಸಿ.