ಉಲ್ಲನ್ ಹೆಣೆಯೋದು ಚೆನ್ನಾಗಿ ಬರುತ್ತದೆ, ಮನೆಗೆ ಬೇಕಾದ ಸಣ್ಣಪುಟ್ಟ ಹೊಲಿಗೆ ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರೋದು ಇಷ್ಟು: ಸ್ವೆಟರ್, ಮಫ್ಲರ್, ಮಕ್ಕಳ ಕುಲಾವಿ ಎಲ್ಲ ಹೆಣೆದು ಅಭ್ಯಾಸ ಇದೆ, ಹೊಲಿಗೆ ಮಾತ್ರ ಹೊಸದು. ದಿಂಬಿನ ಕವರ್, ಚೀಲ, ಪರದೆ ಇಷ್ಟನ್ನು ಮನೆಯಲ್ಲೇ ಹೊಲಿದುಕೊಂಡರೆ ಸಾಕು. ಹೆಣಿಗೆ ಗೊತ್ತಿರುವುದು ಇದಕ್ಕೆ ಉಪಯೋಗಕ್ಕೆ ಬರುತ್ತದಾ, ಮೊದಲು ಏನು ಹೊಲಿಯಲಿ, ಯಾವ ಮಿಷನ್ ತಗೊಳ್ಳಲಿ?

ಖಂಡಿತ ಬರುತ್ತದೆ. ನಾನೂ ಹೆಣಿಗೆಯಿಂದಲೇ ಹೊಲಿಗೆಗೆ ಬಂದವಳು. ನಮ್ಮದು ಮಡಿಕೇರಿ. ಮಳೆ, ಚಳಿ ಎರಡೂ ಜಾಸ್ತಿ ಇರುವ ಊರು, ಹಾಗಾಗಿ ನನ್ನ ಕೈಗೆ ಮೊದಲು ಬಂದದ್ದು ಕಡ್ಡಿ. ಮಿಷನ್ ಆಮೇಲೆ ಬಂತು. ದಾರವನ್ನು ಎಷ್ಟು ಬಿಗಿ ಹಿಡಿಯಬೇಕು, ಎಷ್ಟು ಸಡಿಲ ಬಿಡಬೇಕು ಅನ್ನುವುದು ನಿಮ್ಮ ಬೆರಳಿಗೆ ಈಗಾಗಲೇ ಗೊತ್ತು. ಅಳತೆ ತಗೊಂಡು ಲೆಕ್ಕ ಹಾಕೋದೂ ಗೊತ್ತು. ಹೊಸದು ಅಂದರೆ ಕತ್ತರಿ.

ಹೆಣಿಗೆಯಲ್ಲಿ ಬಟ್ಟೆಯೂ ಅದರ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ತೋಳು ಅಗಲ ಆಯಿತಾ, ನಾಲ್ಕು ಸಾಲು ಬಿಚ್ಚಿ ಕುಣಿಕೆ ಕಡಿಮೆ ಮಾಡಿದರೆ ಮುಗಿಯಿತು. ಉಲ್ಲನ್ ಎಲ್ಲೂ ಹೋಗುವುದಿಲ್ಲ. ಹೊಲಿಗೆಯಲ್ಲಿ ದಾರ ಬಿಚ್ಚಬಹುದು, ಕತ್ತರಿಸಿದ ಬಟ್ಟೆಯನ್ನು ಮೊದಲಿನ ಹಾಗೆ ಮಾಡೋಕೆ ಆಗಲ್ಲ. ಹಾಗಾಗಿ ಒಂದೇ ಒಂದು ಅಭ್ಯಾಸ ಬದಲಿಸಿಕೊಳ್ಳಿ: ತಿದ್ದುವ ಕೆಲಸವನ್ನೆಲ್ಲ ಕತ್ತರಿ ಹಿಡಿಯುವ ಮುಂಚೆ ಮುಗಿಸಿ. ಒಗೆಯೋದು, ಇಸ್ತ್ರಿ ಮಾಡೋದು, ಅಳೆಯೋದು, ಗೆರೆ ಹಾಕೋದು, ಮತ್ತೆ ಅಳೆಯೋದು. ಹೊಲಿಗೆ ಅಂದರೆ ಮಿಷನ್ ಓಡಿಸೋದು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ದಿಂಬಿನ ಕವರ್ ಹೊಲಿಯಲು ಕೂತಾಗ ನೋಡಿ, ಮಿಷನ್ ಓಡುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಮೇಜಿನ ಮೇಲೆ, ಇಸ್ತ್ರಿ ಪೆಟ್ಟಿಗೆಯ ಪಕ್ಕದಲ್ಲೇ ಕಳೆಯುತ್ತದೆ.

ದೊಡ್ಡ ಸ್ವೆಟರ್ ಹಿಡಿಯುವ ಮುಂಚೆ ಒಂದು ಸಣ್ಣ ಚೌಕ ಹೆಣೆದು, ಇಂಚಿಗೆ ಎಷ್ಟು ಕುಣಿಕೆ ಬರುತ್ತದೆ ಅಂತ ನೋಡ್ತೀರಿ ಅಲ್ವಾ? ಹೊಲಿಗೆಯಲ್ಲಿ ಆ ಜಾಗದಲ್ಲಿ ಇರುವುದು ಬಟ್ಟೆ ಒಗೆಯುವ ಕೆಲಸ. ಹೊಸ ಕಾಟನ್ ಮೊದಲ ಒಗೆತಕ್ಕೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಸಾಮಾನ್ಯ. ಖಾದಿ, ಕೈಮಗ್ಗದ ಬಟ್ಟೆ ಇನ್ನೂ ಜಾಸ್ತಿ ಕುಗ್ಗಬಹುದು. ಕೊಂಡು ತಂದ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಗೆದು, ಒಣಗಿಸಿ, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿ. ನಮ್ಮ ಕಡೆ ಜೂನ್ ಬಂದರೆ ಬಟ್ಟೆ ಒಣಗುವುದೇ ಇಲ್ಲ. ಮಳೆಗಾಲದಲ್ಲಿ ಹೊಲಿಯಬೇಕು ಅಂತಿರುವ ಬಟ್ಟೆಯನ್ನು ನಾನು ಮೇ ತಿಂಗಳಲ್ಲೇ ಒಗೆದು ಮಡಿಸಿಟ್ಟುಕೊಳ್ಳುತ್ತೇನೆ.

ಇನ್ನು ಬಟ್ಟೆಯ ಎಳೆ. ಹೆಣೆದ ಬಟ್ಟೆ ಎಲ್ಲ ಕಡೆಗೂ ಹಿಗ್ಗುತ್ತದೆ. ನೇಯ್ದ ಬಟ್ಟೆ ಹಾಗಲ್ಲ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಈ ಎರಡು ದಿಕ್ಕಿನಲ್ಲಿ ಎಳೆದರೆ ಹೆಚ್ಚು ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ನೋಡಿ, ಆಗ ಜಗ್ಗುತ್ತದೆ. ಓರೆಯಾಗಿ ಕತ್ತರಿಸಿದ ದಿಂಬಿನ ಕವರ್ ಕೆಲವೇ ಒಗೆತಕ್ಕೆ ಸೊಟ್ಟಗಾಗುವುದು ಇದರಿಂದಲೇ. ಅಂಗಡಿಯಲ್ಲಿ ಕತ್ತರಿಸಿಕೊಟ್ಟ ಅಂಚು ನೇರ ಇದೆ ಅಂತ ನಂಬಬೇಡಿ. ಬಟ್ಟೆಯ ಕರೆಯ (ಉದ್ದಕ್ಕೂ ಇರುವ ಗಟ್ಟಿ ಅಂಚಿನ) ಹತ್ತಿರ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ. ಅಲ್ಲಿಂದ ಒಂದೇ ಒಂದು ಅಡ್ಡ ಎಳೆಯನ್ನು ಉಗುರಲ್ಲಿ ಎತ್ತಿ ನಿಧಾನವಾಗಿ ಎಳೆಯಿರಿ. ಬಟ್ಟೆ ಸಣ್ಣ ನೆರಿಗೆ ಕಟ್ಟುತ್ತಾ ಹೋಗುತ್ತದೆ. ನೆರಿಗೆಯನ್ನು ಬೆರಳಲ್ಲಿ ಸರಿಸುತ್ತಾ ಮುಂದಕ್ಕೆ ಎಳೆದರೆ, ಎಳೆ ಹೋದ ಜಾಗದಲ್ಲಿ ತೆಳ್ಳಗೆ ಒಂದು ಗೆರೆ ಉಳಿಯುತ್ತದೆ. ಆ ಗೆರೆಯ ಮೇಲೆ ಕತ್ತರಿ ನಡೆಸಿ. ಎಳೆ ಮಧ್ಯದಲ್ಲಿ ತುಂಡಾದರೆ ಅಲ್ಲಿವರೆಗೆ ಕತ್ತರಿಸಿ, ತುದಿ ಹುಡುಕಿ ಮತ್ತೆ ಎಳೆಯಿರಿ. ನನಗೆ ಇಡೀ ಹೊಲಿಗೆಯಲ್ಲಿ ತುಂಬಾ ಇಷ್ಟವಾದ ಕೆಲಸ ಇದು. ಬಟ್ಟೆ ಹೇಗೆ ನೇಯ್ದಿದ್ದಾರೆ ಅನ್ನುವುದು ಆಗ ಕೈಗೇ ತಿಳಿಯುತ್ತದೆ.

ಮೊದಲ ಕೆಲಸಕ್ಕೆ ಮಸಿಬಟ್ಟೆ ಹೊಲಿಯಿರಿ. ಹಳೆ ಟರ್ಕಿ ಟವೆಲಿನ ಎರಡು ಪದರ ಒಳಗೆ, ಮೇಲೂ ಕೆಳಗೂ ಹಳೆ ಕಾಟನ್ ಸೀರೆಯ ತುಂಡು, 8 ಇಂಚಿನ ಚೌಕ. ಅಂಚು ಮಡಿಸಿ ಸುತ್ತ ಒಂದು ಹೊಲಿಗೆ, ಮಧ್ಯದಲ್ಲಿ ಗುಣಿಸು ಗುರುತಿನ ಹಾಗೆ ಎರಡು ಹೊಲಿಗೆ. ಗೆರೆ ಸ್ವಲ್ಪ ಸೊಟ್ಟಗಾದರೂ ಅಡುಗೆಮನೆಯಲ್ಲಿ ಯಾರೂ ಕೇಳಲ್ಲ. ಎಲ್ಲವೂ ಕಾಟನ್ನೇ ಆಗಿರಲಿ. ಅಕ್ರಿಲಿಕ್ ಉಲ್ಲನ್, ಪಾಲಿಯೆಸ್ಟರ್ ಬಟ್ಟೆ ಬಿಸಿಗೆ ಕರಗುತ್ತವೆ. ಮನೆಯಲ್ಲಿ ಉಳಿದ ಅಕ್ರಿಲಿಕ್‌ನಲ್ಲಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೆಣೆಯುವವರಿಗೂ ಇದೇ ಮಾತು ಹೇಳುತ್ತೇನೆ.

ಆಮೇಲೆ ದಿಂಬಿನ ಕವರ್. ಇದರ ಲೆಕ್ಕ ಪೂರ್ತಿ ಹೇಳುತ್ತೇನೆ, ಯಾಕಂದರೆ ಇದೊಂದು ಕೈಗೆ ಬಂದರೆ ಚೀಲ, ಕುಶನ್ ಕವರ್, ಮಿಕ್ಸಿ ಕವರ್ ಎಲ್ಲದರ ಲೆಕ್ಕವೂ ಬರುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ದಿಂಬು 17 ಇಂಚು ಅಗಲ, 27 ಇಂಚು ಉದ್ದ. ಅಗಲಕ್ಕೆ ಎರಡೂ ಬದಿ ಅರ್ಧರ್ಧ ಇಂಚು ಮಾರ್ಜಿನ್ ಸೇರಿಸಿ, 18 ಇಂಚು. ಹೆಣೆಯುವವರಿಗೆ ಮರೆತುಹೋಗುವುದು ಈ ಮಾರ್ಜಿನ್ನೇ, ಯಾಕಂದರೆ ಹೆಣಿಗೆಯಲ್ಲಿ ಜೋಡಿಸುವುದಕ್ಕೆ ಅಂಚಿನ ಒಂದು ಕುಣಿಕೆ ಸಾಕು. ಉದ್ದಕ್ಕೆ ಮುಂಭಾಗ 27, ಹಿಂಭಾಗ 27, ಒಳಗೆ ಮಡಚಿಕೊಳ್ಳುವ ಬಾಯಿಗೆ 6, ಎರಡು ತುದಿ ಮಡಿಸಲು ಒಂದೊಂದು ಇಂಚು. ಒಟ್ಟು 62 ಇಂಚು. 44 ಇಂಚು ಪನ್ನದ, ಅಂದರೆ ಅಗಲದ ಬಟ್ಟೆ ಒಂದೂಮುಕ್ಕಾಲು ಮೀಟರ್ ತಂದರೆ, ಒಗೆದು ಕುಗ್ಗಿದ ಮೇಲೂ ಅಕ್ಕಪಕ್ಕ ಎರಡು ಕವರ್ ಬರುತ್ತವೆ. 36 ಇಂಚು ಪನ್ನದ್ದು ಕಾಗದದ ಲೆಕ್ಕಕ್ಕೆ ಸರಿಹೋಗುತ್ತದೆ, ಒಗೆದ ಮೇಲೆ ಸಾಲುವುದಿಲ್ಲ.

ಎರಡೂ ಗಿಡ್ಡ ತುದಿಗಳನ್ನು ಅರ್ಧ ಇಂಚು ಮಡಿಸಿ ಇಸ್ತ್ರಿ, ಮತ್ತೆ ಅರ್ಧ ಇಂಚು ಮಡಿಸಿ ಇಸ್ತ್ರಿ, ಮೇಲೆ ಹೊಲಿಗೆ. ಹೆಣೆದ ಸ್ವೆಟರನ್ನು ಒದ್ದೆ ಮಾಡಿ, ಆಕಾರಕ್ಕೆ ಎಳೆದು ಪಿನ್ ಹಾಕಿ ಒಣಗಿಸುತ್ತೀರಲ್ಲ, ಹೊಲಿಗೆಯಲ್ಲಿ ಆ ಕೆಲಸ ಮಾಡುವುದು ಇಸ್ತ್ರಿ. ಹೆಜ್ಜೆ ಹೆಜ್ಜೆಗೂ ಬೇಕು. ಈಗ ಬಟ್ಟೆಯ ಒಳ್ಳೆ ಮಗ್ಗುಲು ಮೇಲೆ ಬರುವಂತೆ ಉದ್ದಕ್ಕೆ ಹಾಸಿ. ಒಂದು ತುದಿಯನ್ನು 27 ಇಂಚಿಗೆ ಮಡಿಸಿ. ಇನ್ನೊಂದು ತುದಿಯಲ್ಲಿ ಉಳಿದ 6 ಇಂಚನ್ನು ಅದರ ಮೇಲಕ್ಕೆ ಮಡಿಸಿ. ಕ್ರಮ ಇದೇ ಇರಲಿ: ಮೊದಲು ಉದ್ದದ ಮಡಿಕೆ, ಅದರ ಮೇಲೆ ಗಿಡ್ಡ ಮಡಿಕೆ. ಎರಡೂ ಬದಿ ಪಿನ್ ಹಾಕಿ, ಅಂಚಿನಿಂದ ಅರ್ಧ ಇಂಚು ಒಳಗೆ ನೇರ ಹೊಲಿಗೆ ಹಾಕಿ ತಿರುಗಿಸಿದರೆ 6 ಇಂಚಿನ ಬಾಯಿ ತಾನಾಗಿಯೇ ಒಳಗೆ ಹೋಗಿ ದಿಂಬನ್ನು ಮುಚ್ಚಿಕೊಳ್ಳುತ್ತದೆ. ಗುಂಡಿ ಬೇಡ, ಜಿಪ್ ಬೇಡ. ಒಳಗಿನ ಅಂಚು ಎಳೆ ಬಿಡದಂತೆ ಇಂಟರ್‌ಲಾಕ್ ಬೇಕು. ಮನೆ ಮಿಷನ್‌ನಲ್ಲಿ ಜಿಗ್‌ಜಾಗ್ ಇಲ್ಲದಿದ್ದರೆ ಫಾಲ್ಸ್, ಪೀಕೋ ಮಾಡುವ ಅಂಗಡಿಗೆ ಕೊಡಿ, ಕವರ್ ತಿರುಗಿಸುವ ಮುಂಚೆ.

ಮಿಷನ್ ವಿಷಯಕ್ಕೆ ಬರುವ ಮುಂಚೆ ಅದು ಹೊಲಿಗೆ ಹಾಕುವ ರೀತಿ ಹೇಳಬೇಕು. ನಿಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಅಕ್ಕಿ ಮೂಟೆಯ ಬಾಯಿಗೆ ಹಾಕಿದ ಹೊಲಿಗೆ ನೋಡಿದ್ದೀರಲ್ಲ? ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಅದು ಸರಪಳಿ ಹೊಲಿಗೆ. ಕುಣಿಕೆಯೊಳಗೆ ಕುಣಿಕೆ, ಹೆಣಿಗೆಯ ದಾರಿಯೇ. ಫ್ರಾನ್ಸಿನ ದರ್ಜಿ ಥಿಮೊನಿಯೆ 1830ರಲ್ಲಿ ಪೇಟೆಂಟ್ ಪಡೆದ ಮಿಷನ್ ಈ ಹೊಲಿಗೆಯನ್ನೇ ಹಾಕುತ್ತಿತ್ತು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮಿಷನ್‌ನಲ್ಲಿ ದಾರ ಎರಡಾಯಿತು. ಸೂಜಿಯ ದಾರ ಮೇಲಿನಿಂದ ಇಳಿಯುತ್ತದೆ, ಅಡಿಯಲ್ಲಿ ಇನ್ನೊಂದು ದಾರ ಅದರ ಕುಣಿಕೆಯೊಳಗೆ ಹಾದುಹೋಗುತ್ತದೆ, ಎರಡೂ ಬಟ್ಟೆಯ ಮಧ್ಯದಲ್ಲಿ ಬೆಸೆದುಕೊಳ್ಳುತ್ತವೆ. ನಮ್ಮ ಮನೆಗಳ ಮಿಷನ್ ಇವತ್ತಿಗೂ ಹಾಕುವುದು ಈ ಎರಡು ದಾರದ ಹೊಲಿಗೆಯೇ. ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವುದಿಲ್ಲ, ಚೂಪಾದ ಕೊಂಡಿಯಿಂದ ಒಂದೊಂದೇ ಕತ್ತರಿಸಿ ಬಿಚ್ಚಬೇಕು.

ಬೆಸುಗೆ ಸರಿಯಾಗಿ ಮಧ್ಯದಲ್ಲೇ ಬೀಳಬೇಕು ಅಂದರೆ ಎರಡು ದಾರದ ಬಿಗಿ ಸಮ ಇರಬೇಕು. ಪರೀಕ್ಷೆ ಸುಲಭ. ಮೇಲೆ ಕೆಂಪು ದಾರ, ಅಡಿಯ ದಾರ ಸುತ್ತಿಡುವ ಉರುಳೆಯಾದ ಬಾಬಿನ್‌ಗೆ ಬಿಳಿ ದಾರ ಹಾಕಿ, ಎರಡು ಪದರ ಚಿಂದಿ ಬಟ್ಟೆ ಮೇಲೆ ಒಂದು ಗೇಣು ಹೊಲಿಯಿರಿ. ಅಡಿಯಲ್ಲಿ ಕೆಂಪು ಚುಕ್ಕೆ ಇಣುಕಿದರೆ ಮೇಲಿನ ದಾರ ಸಡಿಲ. ಮೇಲೆ ಬಿಳಿ ಚುಕ್ಕೆ ಕಂಡರೆ ಮೇಲಿನ ದಾರ ಬಿಗಿ ಜಾಸ್ತಿ. ಮೇಲಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ. ಅಡಿಯಲ್ಲಿ ದಾರ ಗೋಜಲು ಕಟ್ಟಿದರೆ ಎಲ್ಲರೂ ಬಾಬಿನ್ ಬಿಚ್ಚಿ ನೋಡುತ್ತಾರೆ. ಹೆಚ್ಚಿನ ಸಲ ತೊಂದರೆ ಮೇಲಿನ ದಾರದ್ದು. ಬಟ್ಟೆ ಅದುಮುವ ಪಾದವನ್ನು ಎತ್ತಿಟ್ಟು ದಾರ ಪೋಣಿಸಬೇಕು, ಆಗ ಮಾತ್ರ ದಾರ ಅದನ್ನು ಬಿಗಿಹಿಡಿಯುವ ಬಿಲ್ಲೆಗಳ ನಡುವೆ ಸರಿಯಾಗಿ ಕೂರುತ್ತದೆ.

ಇನ್ನೊಂದು ಮಾತು. ಹೆಣೆಯುವ ಕೈ ಸುಮ್ನೆ ಇರುವುದಿಲ್ಲ, ಬಟ್ಟೆಯನ್ನು ಹಿಡಿದು ಎಳೆಯುತ್ತದೆ. ಮಿಷನ್ ಮುಂದೆ ಹಾಗೆ ಮಾಡಿದರೆ ಸೂಜಿ ಬಾಗಿ ಮುರಿಯುತ್ತದೆ. ಬಟ್ಟೆ ಮುಂದಕ್ಕೆ ಕಳಿಸುವುದು ಅಡಿಯ ಹಲ್ಲಿನ ಕೆಲಸ. ದಾರಿ ತೋರಿಸುವುದಷ್ಟೇ ಕೈ ಕೆಲಸ. ಇದು ಅಭ್ಯಾಸವಾಗಲು ದಾರ ಪೋಣಿಸದೆ ಗೆರೆ ಹಾಕಿದ ನೋಟ್‌ಬುಕ್ ಹಾಳೆ ಮೇಲೆ ಸೂಜಿ ಓಡಿಸಿ. ಟೈಲರಿಂಗ್ ಕ್ಲಾಸುಗಳಲ್ಲಿ ಮೊದಲು ಮಾಡಿಸುವುದೂ ಇದನ್ನೇ.

ಮಿಷನ್ ಯಾವುದು ಅಂದರೆ, ನೇರ ಹೊಲಿಗೆ ಮಾತ್ರ ಹಾಕುವ ಕಪ್ಪು ಕಬ್ಬಿಣದ ಮಿಷನ್ ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಅಮ್ಮನದೋ ಅತ್ತೆಯದೋ ಮೂಲೆಯಲ್ಲಿ ಕೂತಿದ್ದರೆ ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿ ನೋಡಿ. ಬಿಡಿಭಾಗ ಸಣ್ಣ ಊರಲ್ಲೂ ಸಿಗುತ್ತವೆ. ಮಳೆ ಜಾಸ್ತಿ ಇರುವ ಕಡೆ ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಬಾಬಿನ್ ಕೇಸು ತುಕ್ಕು ಹಿಡಿಯುತ್ತದೆ, ಅದನ್ನೊಂದು ಗಮನಿಸಿ. ಸೂಜಿ ತೆಳು ಕಾಟನ್‌ಗೆ 11ನೇ ನಂಬರ್, ಸಾಧಾರಣ ಬಟ್ಟೆಗೆ 14, ಜೀನ್ಸ್ ಥರದ ದಪ್ಪಕ್ಕೆ 16 ಅಥವಾ 18. ಟೀ ಶರ್ಟ್ ಬಟ್ಟೆ ಸದ್ಯಕ್ಕೆ ಬೇಡ. ಅದೂ ಹೆಣೆದ ಬಟ್ಟೆಯೇ ಅಂತ ನಿಮಗೆ ಆಸೆಯಾಗಬಹುದು, ಅದಕ್ಕೆ ತುದಿ ದುಂಡಗಿರುವ ಬೇರೆ ಸೂಜಿ ಬೇಕು, ಹಿಗ್ಗುವ ಹೊಲಿಗೆಯೂ ಬೇಕು.

ಮಿಷನ್ ಈಗಲೇ ಬೇಡ ಅನಿಸಿದರೆ ಕೈಹೊಲಿಗೆಯನ್ನು ಕಡಿಮೆ ಅಂದುಕೊಳ್ಳಬೇಡಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆ ಸೀರೆ, ಹಳೆ ಬಟ್ಟೆಗಳನ್ನು ಪದರ ಪದರ ಇಟ್ಟು ಹೊಲಿಯುವ ಕೌದಿ (ಹೊದಿಕೆ) ಪೂರ್ತಿ ಕೈಯದ್ದೇ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಮಧ್ಯಕ್ಕೆ ಬರುತ್ತಾರೆ. ಇಷ್ಟು ತಾಳ್ಮೆ ಹೆಣೆಯುವವರಿಗೆ ಇದ್ದೇ ಇರುತ್ತದೆ. ದಿಂಬಿನ ಕವರ್ ಕೈಯಲ್ಲಿ ಹೊಲಿಯುವುದಾದರೆ ಮಾತ್ರ ಬರೀ ಮುಂದಕ್ಕೆ ಹೋಗುವ ಹೊಲಿಗೆ ಸಾಲದು, ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಬಂದು ಚುಚ್ಚಿ.

ಪರದೆಯನ್ನು ಕೊನೆಗೆ ಇಟ್ಟುಕೊಳ್ಳಿ. ಹೊಲಿಗೆ ನೇರವೇ, ಭಾರದ ಬಟ್ಟೆಯನ್ನು ಸಂಭಾಳಿಸೋದು ಕಷ್ಟ. ಕಿಟಕಿ ಅಗಲದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು. ಮೇಲಿನ ಅಂಚು ಹೊಲಿದು ಒಂದೆರಡು ದಿನ ತೂಗುಹಾಕಿ, ಬಟ್ಟೆ ತನ್ನ ಭಾರಕ್ಕೆ ಇಳಿದ ಮೇಲೆ ಕೆಳಗಿನ ಅಂಚು ಮಡಿಸಿ.

ಅದಕ್ಕೂ ಮುಂಚೆ ನೀವು ಹೆಣೆದ ಚೀಲ ಯಾವುದಾದರೂ ಇದ್ದರೆ ಅದಕ್ಕೊಂದು ಒಳಬಟ್ಟೆ ಹೊಲಿದು ನೋಡಿ. ಹೆಣೆದ ಚೀಲಕ್ಕೆ ತೆಂಗಿನಕಾಯಿ ಹಾಕಿದರೆ ಮೊಣಕಾಲವರೆಗೆ ಜೋಲುತ್ತದೆ. ಒಳಗೆ ಪಾಪ್ಲಿನ್ ಚೀಲ ಕೂರಿಸಿದರೆ ಭಾರ ಅದರ ಮೇಲೆ ಬೀಳುತ್ತದೆ, ಹೆಣಿಗೆ ಆಕಾರ ಬಿಡುವುದಿಲ್ಲ. ಒಳಬಟ್ಟೆಯ ಉದ್ದವನ್ನು ಹೆಣೆದದ್ದಕ್ಕಿಂತ ಒಂದು ಇಂಚು ಕಡಿಮೆ ಇಡಿ. ಬಾಯಿಯ ಸುತ್ತ ಕೈಹೊಲಿಗೆ ಹಾಕಿ. ಹಿಡಿಯ ಬುಡದಲ್ಲಿ ಮಾತ್ರ ಎರಡೂ ಪದರ ಸೇರಿಸಿ ಚೌಕವಾಗಿ ಎರಡು ಸುತ್ತು ಬಿಗಿಯಾಗಿ ಹೊಲಿಯಿರಿ.